ರಜೆಯ ತಿರುಗಾಟ, ಅಂಗಳದ ನಾಟಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಬೇಸಿಗೆ ರಜೆಯ ಕುರಿತು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಒಂಬತ್ತು ಮಂದಿ, ಎಂಟರಿಂದ ಹತ್ತನೇ ತರಗತಿಯವರು. ರಜೆಯಲ್ಲಿ ಹತ್ತಿರದ ಜಾಗಗಳನ್ನು ನೋಡಬೇಕು, ಮೇ ತಿಂಗಳಲ್ಲಿ ಒಂದು ನಾಟಕವನ್ನೂ ಆಡಬೇಕು ಎಂದಿದ್ದೇವೆ. ಮನೆಯವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುತ್ತಾರೆ. ಎರಡೂ ಆಗಲಿಕ್ಕಿಲ್ಲವೇ? — ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಆಗುತ್ತದೆ, ಎರಡನ್ನೂ ಒಂದೇ ಕೆಲಸವೆಂದು ಹಿಡಿದರೆ. ತಿರುಗಾಟದಲ್ಲಿ ಕಂಡದ್ದು, ಕೇಳಿದ್ದು ನಾಟಕಕ್ಕೆ ಬರಬೇಕು. ಹಾಗೆ ಮಾಡದೆ ತಿರುಗಾಟ ಬೇರೆ, ಯಾರೋ ಬರೆದ ನಾಟಕ ಬೇರೆ ಎಂದು ಹೊರಟರೆ ಮನೆಯವರ ಮಾತೇ ನಿಜವಾಗುತ್ತದೆ, ಸಮಯ ಸಾಲುವುದಿಲ್ಲ.

ಮೊದಲು ದಿನಗಳ ಲೆಕ್ಕ. ಮಾರ್ಚ್ ಕೊನೆಗೆ ಶಾಲೆ ಮುಚ್ಚಿದರೂ ಏಪ್ರಿಲ್‌ನ ಮೊದಲರ್ಧ ಅಜ್ಜನಮನೆ, ಜಾತ್ರೆ, ವಿಷು ಎಂದು ಹೋಗಿಬಿಡುತ್ತದೆ. ವಿಷು ಕಳೆದ ಮೇಲೆ ಪತ್ತನಾಜೆಯವರೆಗೆ, ಅಂದರೆ ಮೇ 24ರ ಹೊತ್ತಿನವರೆಗೆ, ಐದು ವಾರ ಸಿಗುತ್ತವೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವುದು ಸುಮ್ಮನೆ ಅಲ್ಲ, ಆಮೇಲೆ ಮಳೆಯನ್ನು ನಂಬುವ ಹಾಗಿಲ್ಲ. ನಿಮ್ಮ ಪ್ರದರ್ಶನವನ್ನು ಮೇ ಮೂರನೇ ವಾರಕ್ಕೆ ಇಟ್ಟುಕೊಳ್ಳಿ. ಮೊದಲ ಎರಡು ವಾರ ತಿರುಗಾಟ ಮತ್ತು ಕಥೆ ಕಟ್ಟುವುದು, ಆಮೇಲಿನ ಮೂರು ವಾರ ಅಭ್ಯಾಸ.

ಎರಡು ವಾರಕ್ಕೆ ನಾಲ್ಕು ಅರ್ಧ ದಿನದ ತಿರುಗಾಟ ಸಾಕು. ಬದಿಯಡ್ಕದಿಂದ ಕುಂಬಳೆ ಬಸ್ಸು ಹತ್ತಿ ನಾಯ್ಕಾಪಿನಲ್ಲಿ ಇಳಿದರೆ ಅನಂತಪುರದ ಕೆರೆ ದೇವಸ್ಥಾನದ ದಾರಿ. ಅಲ್ಲಿದ್ದ ಬಬಿಯಾ ಮೊಸಳೆ ತೀರಿಹೋದದ್ದು 2022ರ ಅಕ್ಟೋಬರಿನಲ್ಲಿ. ಅದರ ಕಥೆಯನ್ನು ಊರಿನ ಮೂವರು ಹಿರಿಯರಿಂದ ಬೇರೆಬೇರೆಯಾಗಿ ಕೇಳಿ ಬರೆದುಕೊಳ್ಳಿ. ಮೂರೂ ಒಂದೇ ಆಗಿರುವುದಿಲ್ಲ, ಮತ್ತು ಆ ವ್ಯತ್ಯಾಸದಲ್ಲೇ ಒಂದು ದೃಶ್ಯ ಸಿಗುತ್ತದೆ. ಅಲ್ಲಿಂದ ಕುಂಬಳೆ ಪೇಟೆ ದೂರವಿಲ್ಲ. ಯಕ್ಷಗಾನದ ತೆಂಕುತಿಟ್ಟು ಶೈಲಿಗೆ ರಾಮಾಯಣದ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬನ ಊರದು. ನಾಟಕ ಕಟ್ಟುವವರು ಒಮ್ಮೆ ನೋಡಬೇಕಾದ ನೆಲ.

ಪೊಸಡಿಗುಂಪೆಯನ್ನು ಧರ್ಮತ್ತಡ್ಕ ಕಡೆಯಿಂದ ಹತ್ತುತ್ತಾರೆ. ಬೋಳುಗುಡ್ಡ, ಮರದ ನೆರಳಿಲ್ಲ. ಬೆಳಿಗ್ಗೆ 6ಕ್ಕೆ ಹತ್ತಲು ಶುರುಮಾಡಿ 9ರೊಳಗೆ ಇಳಿದಿರಬೇಕು. ಏಪ್ರಿಲ್ ಕೊನೆಯಿಂದ ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಗುಡುಗು ಏಳುತ್ತದೆ, ಬೋಳುಗುಡ್ಡದ ಮೇಲೆ ಆ ಹೊತ್ತಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಆಗಿರುತ್ತೀರಿ. ರಾಣಿಪುರಂ ದೂರ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಹತ್ತುವ ದಾರಿಯನ್ನು ಮುಚ್ಚುವುದೂ ಉಂಟು. ಈ ರಜೆಗೆ ಅದನ್ನು ಬಿಡಿ.

ಬೇಕಲ ಕೋಟೆಗೆ ಮಾತ್ರ ಇಡೀ ಬೆಳಗ್ಗೆ ಕೊಡಿ. ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ ಕರಾವಳಿ ರಸ್ತೆಯಲ್ಲಿ ಹೋಗುವ ಕಾಞಂಗಾಡು ಬಸ್ಸು ಕೋಟೆಯ ಹತ್ತಿರವೇ ಇಳಿಸುತ್ತದೆ. ರೈಲಿನಲ್ಲಾದರೆ ಬೇಕಲ್ ಫೋರ್ಟ್ ನಿಲ್ದಾಣ. 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ವಯಸ್ಸು ತೋರಿಸುವ ಶಾಲೆಯ ಗುರುತುಚೀಟಿ ಇಟ್ಟುಕೊಳ್ಳಿ. 1650ರ ಹೊತ್ತಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನುವ ಈ ಕೋಟೆಯ ಗೋಡೆಯಲ್ಲಿ ಬಂದೂಕಿನ ಕಿಂಡಿಗಳು ಒಂದರ ಕೆಳಗೊಂದು ಇವೆ. ಮೇಲಿನದರಲ್ಲಿ ದೂರದ ಗುರಿ, ಕೆಳಗಿನದರಲ್ಲಿ ಹತ್ತಿರದ ಗುರಿ. ಒಬ್ಬೊಬ್ಬರೂ ಒಂದೊಂದು ಕಿಂಡಿಯಲ್ಲಿ ಕಣ್ಣಿಟ್ಟು ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಬರೆಯಿರಿ. ಕಾವಲುಗಾರನ ಪಾತ್ರ ಮಾಡುವವನಿಗೆ ಇಷ್ಟು ಒಳ್ಳೆಯ ಪಾಠ ಬೇರೆ ಕಡೆ ಸಿಗದು. ಕೋಟೆಯೊಳಗೆ ನಾಟಕ ಆಡಬೇಕಾದರೆ ಪುರಾತತ್ವ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು, ಹಾಗಾಗಿ ನೋಡಿ ಬಂದು ಊರಲ್ಲಿ ಆಡಿ. ನಾಲ್ಕನೆಯದಾಗಿ ಮಂಜೇಶ್ವರದ ಗಿಳಿವಿಂಡು, ರಾಷ್ಟ್ರಕವಿ ಗೋವಿಂದ ಪೈಗಳ ಮನೆ. ತೆರೆದಿದೆಯೇ ಎಂದು ಮೊದಲೇ ಕೇಳಿಕೊಂಡು ಹೊರಡಿ.

ಪ್ರತಿ ತಿರುಗಾಟದಲ್ಲೂ ಕೆಲಸ ಹಂಚಿಕೊಳ್ಳಿ. ಇಬ್ಬರು ಸದ್ದುಗಳನ್ನು ಗುರುತಿಸಲಿ: ಮೀನು ಮಾರುವವರ ಕೂಗು, ಕಂಡಕ್ಟರನ ಸೀಟಿ, ಕೆರೆಯ ಮೆಟ್ಟಿಲಲ್ಲಿ ಬಿಂದಿಗೆ ತಾಗುವುದು. ಇಬ್ಬರು ನಡಿಗೆಗಳನ್ನು ನೋಡಲಿ, ಹೊರೆ ಹೊತ್ತವರು ಕುತ್ತಿಗೆ ತಿರುಗಿಸದೆ ಇಡೀ ಮೈ ತಿರುಗಿಸುತ್ತಾರೆ ಎಂಬಂಥ ವಿವರ. ಉಳಿದವರು ಮಾತುಗಳನ್ನು ಬರೆದುಕೊಳ್ಳಲಿ. ಕೇಳದೆ ಯಾರ ಮಾತನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ. ತಲೆಗೆ ಎರಡು ಲೀಟರ್ ನೀರು ಬೇಕು. ಬುತ್ತಿಗೆ ತೆಂಗಿನಕಾಯಿ ಚಟ್ನಿ ಬೇಡ, ಈ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಹಲಸಿನಹಣ್ಣಿನ ಕೊಟ್ಟಿಗೆ (ಎಲೆಯಲ್ಲಿ ಬೇಯಿಸಿದ ಕಡುಬು), ಗೊಜ್ಜವಲಕ್ಕಿ ತಡೆಯುತ್ತವೆ. ನಿಮ್ಮ ಜೊತೆ ದೊಡ್ಡವರು ಒಬ್ಬರಾದರೂ ಇರಲಿ.

ಪ್ರಶ್ನೆ: ನಾಟಕ ಎಷ್ಟು ಉದ್ದ ಇರಬೇಕು? ಹೋದ ವರ್ಷ ನಮ್ಮ ಊರಿನ ಮಕ್ಕಳು ಒಂದೂವರೆ ಗಂಟೆಯ ನಾಟಕಕ್ಕೆ ಕೈಹಾಕಿದರು. ಮದುವೆ, ಜಾತ್ರೆ ಎಂದು ದಿನಾ ಇಬ್ಬರು ಮೂವರು ತಪ್ಪಿಸಿಕೊಂಡು ಕೊನೆಗೆ ನಾಟಕವೇ ನಿಂತಿತು. — ಅಧ್ಯಾಪಕಿ, ಪೆರ್ಲ

ಉತ್ತರ: 25 ನಿಮಿಷ. ಮೂರು ವಾರದಲ್ಲಿ ಮಕ್ಕಳು ಚೊಕ್ಕವಾಗಿ ಮಾಡಬಲ್ಲದ್ದು ಅಷ್ಟೇ. ಓಡಾಟ, ಹಾಡು, ಮೌನ ಎಲ್ಲ ಸೇರಿದರೆ ಮಕ್ಕಳ ಮಾತು ರಂಗದ ಮೇಲೆ ನಿಮಿಷಕ್ಕೆ 80 ಪದ ದಾಟುವುದಿಲ್ಲ. ಆದ್ದರಿಂದ 2000 ಪದದ ಸ್ಕ್ರಿಪ್ಟ್ ಎಂದರೆ 25 ನಿಮಿಷ. ಐದು ದೃಶ್ಯ ಮಾಡಿ, ಯಾವುದೂ ಆರು ನಿಮಿಷ ಮೀರದಿರಲಿ.

ಮಕ್ಕಳು ತಪ್ಪಿಸಿಕೊಳ್ಳುವುದನ್ನು ಬೈದು ತಡೆಯಲಾಗದು. ಮೇ ತಿಂಗಳು ಮದುವೆಗಳ ಕಾಲ, ಗಲ್ಫಿನಿಂದ ಅಪ್ಪಂದಿರು ಬರುವ ಕಾಲ. ನಾಟಕದ ಕಟ್ಟನ್ನೇ ಅದಕ್ಕೆ ತಕ್ಕಂತೆ ಮಾಡಬೇಕು. ಒಬ್ಬ ನಾಯಕ, ಅವನಿಗೆ 60 ಮಾತು ಎಂಬ ನಾಟಕ ಆ ಹುಡುಗನಿಗೆ ಜ್ವರ ಬಂದ ದಿನ ಮುಗಿಯಿತು. ಬದಲಿಗೆ ಎಂಟು ಹತ್ತು ಮಕ್ಕಳ ಮೇಳ ಯಾವಾಗಲೂ ರಂಗದ ಮೇಲಿರಲಿ. ಮರ, ಬಸ್ಸು, ಸಂತೆ, ಕೋಟೆ ಗೋಡೆ ಎಲ್ಲ ಅವರೇ ಆಗಲಿ. ಬೇಕಾದಾಗ ಒಬ್ಬೊಬ್ಬರು ಮುಂದೆ ಬಂದು ಪಾತ್ರವಾಗಿ ಮತ್ತೆ ಮೇಳಕ್ಕೆ ಸೇರಲಿ. ಎಲ್ಲರೂ ಎಲ್ಲ ದೃಶ್ಯ ನೋಡುತ್ತಿರುವುದರಿಂದ ಬದಲಿಯವರು ಸಿದ್ಧರಾಗೇ ಇರುತ್ತಾರೆ. ಮುಖ್ಯ ಪಾತ್ರಗಳಿಗೆ ಮೊದಲ ವಾರದಲ್ಲೇ ಇಬ್ಬಿಬ್ಬರನ್ನು ನೇಮಿಸಿ, ದಿನ ಬಿಟ್ಟು ದಿನ ಆಡಿಸಿ.

ಅಭ್ಯಾಸ ಬೆಳಿಗ್ಗೆ 9ರಿಂದ 11, ಎರಡೇ ಗಂಟೆ. ಮಾತನ್ನು ಕೂತು ಬಾಯಿಪಾಠ ಮಾಡಿದ ಮಗು ಎದ್ದು ನಡೆಯುವಾಗ ಮರೆಯುತ್ತದೆ, ಏಕೆಂದರೆ ಕಲಿತದ್ದು ಕೂತ ಮೈ. ಎಲ್ಲಿಂದ ಎಲ್ಲಿಗೆ ನಡೆಯಬೇಕು ಎಂಬುದನ್ನು ಮೊದಲು ಗಟ್ಟಿಮಾಡಿ, ಆ ನಡಿಗೆಯ ಮೇಲೆ ಮಾತು ಕೂರಿಸಿ. ಕೊನೆಯ ನಾಲ್ಕು ದಿನ ಸ್ಕ್ರಿಪ್ಟ್ ಬದಲಿಸಬಾರದು, ಎಷ್ಟೇ ಒಳ್ಳೆಯ ಯೋಚನೆ ಹೊಳೆದರೂ.

ಪ್ರಶ್ನೆ: ನಮ್ಮ ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ. ರಂಗದ ಮೇಲೆ ಅವರ ಕನ್ನಡ ಶುದ್ಧವಾಗಿ ಕೇಳಿಸುವಂತೆ ಮಾಡುವುದು ಹೇಗೆ? — ಪೋಷಕರು, ಉಪ್ಪಳ

ಉತ್ತರ: ಮಹಾಪ್ರಾಣದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಹಿಂದಿನ ಸಾಲಿನವರಿಗೆ ಮಾತು ಅರ್ಥವಾಗದಿರುವುದಕ್ಕೆ ಕಾರಣ ಅದಲ್ಲ, ಪದದ ಕೊನೆಯನ್ನು ನುಂಗುವುದು. ಬಂದ, ಬಂದು, ಬಂದೆ ಇವುಗಳಲ್ಲಿ ಬೇರೆಯಾಗಿರುವುದು ಕೊನೆಯ ಸ್ವರ ಮಾತ್ರ. ಅದು ಹೋದರೆ ಯಾರು ಬಂದರೆಂದೇ ತಿಳಿಯುವುದಿಲ್ಲ. ಮಾತಿನ ಕೊನೆಯ ಪದವನ್ನು ಮೊದಲ ಪದದಷ್ಟೇ ಉಸಿರಿಟ್ಟು ಹೇಳಿಸಿ. ಉದ್ದ ವಾಕ್ಯವಿದ್ದರೆ ಎರಡಾಗಿ ಮುರಿಯಿರಿ. ಸಂತೆ, ಬಸ್ಸಿನ ದೃಶ್ಯಗಳಲ್ಲಿ ತುಳು, ಮಲಯಾಳ ಮಾತು ಹಾಗೆಯೇ ಬರಲಿ, ಉಪ್ಪಳದ ಪೇಟೆಯಲ್ಲಿ ಜನ ಮಾತಾಡುವುದೇ ಹಾಗೆ. ಅದನ್ನು ಅಳಿಸಿ ಎಲ್ಲರಿಗೂ ಪುಸ್ತಕದ ಕನ್ನಡ ಹಚ್ಚಿದರೆ ಮಕ್ಕಳ ಮುಖದ ಜೀವವೇ ಹೋಗುತ್ತದೆ. ಆದರೆ ಒಂದು ಭಾಷೆಯನ್ನು ಯಾವಾಗಲೂ ನಗಿಸುವ ಪಾತ್ರಕ್ಕೇ ಕೊಡುವುದು ತಪ್ಪು. ಆ ಮನೆಮಾತಿನ ಮಗು ಅಲ್ಲೇ ಕೂತಿರುತ್ತದೆ.

ಪ್ರಶ್ನೆ: ಅಡಿಕೆ ಹಾಳೆಯಲ್ಲಿ ಮುಖವಾಡ ಮಾಡಿದೆವು. ಒಣಗಿದ ಮೇಲೆ ಸೀಳಿಹೋಯಿತು, ಉಳಿದವು ಮುರುಟಿದವು. ಏನು ತಪ್ಪಾಯಿತು? — ವಿದ್ಯಾರ್ಥಿಗಳು, ಬಾಯಾರು

ಉತ್ತರ: ಬಿಸಿಲಿನಲ್ಲಿ ಒಣಗಿಸಿರಬೇಕು, ಕಣ್ಣಿನ ತೂತನ್ನು ಚೂಪು ಮೂಲೆಯಾಗಿ ಕತ್ತರಿಸಿರಬೇಕು. ಹಾಳೆಯ ನಾರು ಉದ್ದಕ್ಕೆ ಓಡುತ್ತದೆ. ಚೂಪು ಮೂಲೆಯಿದ್ದರೆ ಸೀಳು ಅಲ್ಲಿಂದಲೇ ಶುರುವಾಗಿ ನಾರಿನ ಗುಂಟ ಅಂಚಿನವರೆಗೂ ಹೋಗುತ್ತದೆ.

ಹೀಗೆ ಮಾಡಿ. ಅಂದೋ ಹಿಂದಿನ ದಿನವೋ ಬಿದ್ದ, ಕಪ್ಪುಚುಕ್ಕೆಯಿಲ್ಲದ ಹಾಳೆ ಆರಿಸಿ. ಹಸಿಯದಾದರೆ ಅರ್ಧ ಗಂಟೆ, ಒಣಗಿದ್ದಾದರೆ ಒಂದು ರಾತ್ರಿ ನೀರಲ್ಲಿ ಮುಳುಗಿಸಿಡಿ, ಮೇಲೆ ಕಲ್ಲು ಹೇರಿ. ಮೆತ್ತಗಾದ ಮೇಲೆ 10 ಇಂಚು ಉದ್ದ, 8 ಇಂಚು ಅಗಲಕ್ಕೆ ಕತ್ತರಿಸಿ. ಒಣಗುವಾಗ ಸ್ವಲ್ಪ ಕುಗ್ಗುತ್ತದೆ. ಮುಖದಷ್ಟೇ ದಪ್ಪದ ಮಣ್ಣಿನ ಮಡಕೆಯ ಹೊಟ್ಟೆಗೆ ಒತ್ತಿ, ಎರಡು ಇಂಚು ಅಗಲದ ಬಟ್ಟೆಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಹಗ್ಗ ಬೇಡ, ಗುರುತು ಬೀಳುತ್ತದೆ. ನೆರಳಿನಲ್ಲಿ ಎರಡು ದಿನ. ಪೂರ್ತಿ ಒಣಗುವ ಮೊದಲು, ಎರಡನೇ ದಿನ ಬೆಳಿಗ್ಗೆ, ಬಿಸಿ ಮಾಡಿದ ಕಬ್ಬಿಣದ ಕೊಳವೆಯಿಂದ ಕಣ್ಣಿಗೆ ದುಂಡು ತೂತು ಸುಡಿ. ಇದನ್ನು ದೊಡ್ಡವರೇ ಮಾಡಲಿ. ಸುಟ್ಟ ಅಂಚು ಸೀಳುವುದಿಲ್ಲ. ಒಳಬದಿಗೆ ಹಳೆ ಹತ್ತಿಬಟ್ಟೆಯನ್ನು ಮೈದಾ ಅಂಟಿನಿಂದ ಹಚ್ಚಿದರೆ ಬೆವರನ್ನೂ ಹೀರುತ್ತದೆ, ಹಾಳೆಗೂ ಬಲ. ಅಂಟಿಗೆ ಚಿಟಿಕೆ ಮೈಲುತುತ್ತು ಹಾಕುವ ರೂಢಿ ಇದೆ. ಅದು ವಿಷ, ಮುಖಕ್ಕೆ ತಾಗುವ ವಸ್ತುವಿಗೆ ಬೇಡವೇ ಬೇಡ.

ಮುಖವಾಡ ಮೇಲ್ದುಟಿಯವರೆಗೆ ಮಾತ್ರ ಇರಲಿ. ಪೂರ್ತಿ ಮುಖ ಮುಚ್ಚಿದರೆ ಮಗುವಿನ ಸ್ವರ ಒಳಗೇ ಉಳಿಯುತ್ತದೆ. ಬಣ್ಣಕ್ಕೆ ಪೋಸ್ಟರ್ ಕಲರ್ ಸಾಕು, ಮೊದಲು ಬಿಳಿಯದೊಂದು ಕೋಟ್ ಕೊಡಿ, ಇಲ್ಲವಾದರೆ ಹಾಳೆಯ ಕಂದು ಬಣ್ಣ ಎಲ್ಲವನ್ನೂ ಮಂಕಾಗಿಸುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಅಟ್ಟದಲ್ಲಿಡಿ, ಬೂಸ್ಟು ಹಿಡಿಯುವುದಿಲ್ಲ. ಭೂತ, ತೆಯ್ಯಂನ ಮುಖವರ್ಣಿಕೆಯನ್ನು ಮಾತ್ರ ನಕಲು ಮಾಡಬೇಡಿ. ಅದು ಆಯಾ ಸಮುದಾಯದವರು ವ್ರತ ಹಿಡಿದು ಮಾಡುವ ಆರಾಧನೆ. ನಿಮಗೆ ಬೇಕಾದ ರಾಜ, ಕಪ್ಪೆ, ಮೊಸಳೆ, ಬಸ್ಸಿನ ಕಂಡಕ್ಟರ್ ಎಲ್ಲರನ್ನೂ ನೀವೇ ಹೊಸದಾಗಿ ಬರೆಯಬಹುದು.

ಪ್ರಶ್ನೆ: ಮೈಕ್ ಇಲ್ಲದೆ ಅಂಗಳದಲ್ಲಿ ಆಡಬಹುದೇ? ಚೆಂಡೆ ಇಟ್ಟುಕೊಂಡರೆ ಚೆನ್ನಾಗಿರುತ್ತದೆಯೇ? — ಯುವಕ ಮಂಡಲದ ಸದಸ್ಯ, ಕುಂಬಳೆ

ಉತ್ತರ: 150 ಜನದವರೆಗೆ ಮೈಕ್ ಬೇಡ. ಅಡಿಕೆ ಒಣಗಿಸುವ ಅಂಗಳ ಇದಕ್ಕೆ ಬಹಳ ಒಳ್ಳೆಯದು, ಮೇ ನಡುವಿಗೆ ಅದು ಖಾಲಿಯಾಗುತ್ತಾ ಬರುತ್ತದೆ. ಸಂಜೆಯ ಗಾಳಿ ಕಡಲ ಕಡೆಯಿಂದ ಬೀಸುತ್ತದೆ. ಆದ್ದರಿಂದ ರಂಗ ಪಡುವಣಕ್ಕೆ, ಪ್ರೇಕ್ಷಕರು ಮೂಡಣಕ್ಕೆ ಇರಲಿ, ಗಾಳಿ ಮಾತನ್ನು ಜನರ ಕಡೆಗೆ ಒಯ್ಯುತ್ತದೆ. ತಿರುಗಿಸಿ ಇಟ್ಟರೆ ಮಕ್ಕಳು ಗಾಳಿಗೆದುರಾಗಿ ಕಿರುಚಬೇಕಾಗುತ್ತದೆ, ಮೂರನೇ ದೃಶ್ಯಕ್ಕೆ ಗಂಟಲು ಕೂತಿರುತ್ತದೆ. ಈ ದಿಕ್ಕಿನಲ್ಲಿ ಪ್ರೇಕ್ಷಕರ ಕಣ್ಣಿಗೆ ಸಂಜೆಬಿಸಿಲು ಹೊಡೆಯುವುದರಿಂದ ಸೂರ್ಯ ಮುಳುಗಿದ ಮೇಲೆ ಶುರುಮಾಡಿ. ಮೇ ನಡುವಿನಲ್ಲಿ ಸೂರ್ಯಾಸ್ತ ಸುಮಾರು 6.45ಕ್ಕೆ, 7 ಗಂಟೆ ಸರಿ. ರಂಗದ ಹಿಂದೆ ಗೋಡೆ ಇದ್ದರೆ ಇನ್ನೂ ಒಳ್ಳೆಯದು, ಬರೀ ಬಟ್ಟೆಯ ಪರದೆ ಸ್ವರವನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಮಳೆ ಬಂದರೆ ಎಂದು ಶಾಲೆಯ ಜಗಲಿಯನ್ನೋ ಭಜನಾಮಂದಿರವನ್ನೋ ಮೊದಲೇ ಕೇಳಿಟ್ಟು, ಅಲ್ಲಿಯೂ ಒಮ್ಮೆ ಪೂರ್ತಿ ಆಡಿ ನೋಡಿ.

ಚೆಂಡೆ ಬೇಡ. ಬಯಲಿನಲ್ಲಿ ಮೈಲಿಯಾಚೆಗೆ ಕೇಳಿಸಲೆಂದೇ ಇರುವ ವಾದ್ಯದ ಎದುರು ಹನ್ನೆರಡು ವರ್ಷದ ಮಗುವಿನ ಸ್ವರ ನಿಲ್ಲದು. ಮದ್ದಳೆ, ತಾಳ, ತೆಂಗಿನ ಚಿಪ್ಪು ಸಾಕು, ಅವೂ ಮಾತಿನ ನಡುವೆ ಸುಮ್ಮನಿರಬೇಕು. ತಂಡದಲ್ಲಿ ಯಕ್ಷಗಾನ ನಾಟ್ಯ ಕಲಿತ ಮಕ್ಕಳಿದ್ದರೆ ಒಂದೇ ಒಂದು ಪ್ರವೇಶಕ್ಕೆ ಅವರ ಹೆಜ್ಜೆ ಬಳಸಿ. ಪ್ರತಿ ಪ್ರವೇಶಕ್ಕೂ ಕುಣಿಸಿದರೆ ಅದು ನಾಟಕವೂ ಆಗದೆ ಯಕ್ಷಗಾನವೂ ಆಗದೆ ಉಳಿಯುತ್ತದೆ.

ಪ್ರಶ್ನೆ: ಬಣ್ಣ ಹಚ್ಚಿದರೆ ಮಕ್ಕಳ ಮುಖ ತುರಿಸುತ್ತದೆ. — ತಾಯಿ, ಮಂಜೇಶ್ವರ

ಉತ್ತರ: ಹಳೆಯ ವೇಷದ ಪೆಟ್ಟಿಗೆಯ ಇಂಗಳೀಕ ಎಂಬ ಕೆಂಪು ಬಣ್ಣ ಬಳಸಿದ್ದೀರೋ ನೋಡಿ. ಅದರಲ್ಲಿ ಪಾದರಸವಿದೆ, ಮಕ್ಕಳಿಗೆ ಹಚ್ಚಲೇಬಾರದು. ಅರಸಿನಕ್ಕೆ ಸುಣ್ಣ ಕಲಸಿದ ಕೆಂಪು ಕೂಡ ಎಳೆ ಚರ್ಮವನ್ನು ಸುಡುತ್ತದೆ. 25 ನಿಮಿಷದ ನಾಟಕಕ್ಕೆ ಕಾಡಿಗೆ, ತುಟಿಗೆ ತುಸು ಬಣ್ಣ, ಪೌಡರ್ ಸಾಕು. ಹೊಸ ಬಣ್ಣವನ್ನು ಹಿಂದಿನ ದಿನವೇ ಮೊಣಕೈ ಒಳಬದಿಗೆ ಹಚ್ಚಿ ನೋಡಿ. ತೆಗೆಯುವಾಗ ಮೊದಲು ತೆಂಗಿನೆಣ್ಣೆ ಹಚ್ಚಿ ಹತ್ತಿಯಿಂದ ಒರೆಸಿ, ಆಮೇಲೆ ಕಡಲೆಹಿಟ್ಟು. ನೇರ ಸೋಪು ಹಾಕಿದರೆ ಜಿಡ್ಡಿನ ಬಣ್ಣ ಹರಡಿ ಕಣ್ಣಿಗೆ ಹೋಗುತ್ತದೆ.

ಪ್ರಶ್ನೆ: ಮನೆಯ ಪ್ಲಗ್‌ನಿಂದ ಎಷ್ಟು ಹ್ಯಾಲೊಜೆನ್ ದೀಪ ಉರಿಸಬಹುದು? — ವಿದ್ಯಾರ್ಥಿ, ಮುಳ್ಳೇರಿಯ

ಉತ್ತರ: 500 ವ್ಯಾಟ್‌ನ ಒಂದು ಹ್ಯಾಲೊಜೆನ್ ಎರಡು ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. 6 ಆಂಪಿಯರಿನ ಸಾಮಾನ್ಯ ಪ್ಲಗ್‌ಗೆ ಎರಡೇ ಮಿತಿ, ಮೂರನೆಯದಕ್ಕೆ ವಯರು ಬಿಸಿಯಾಗುತ್ತದೆ. 50 ವ್ಯಾಟ್‌ನ ಹಳದಿ ಬೆಳಕಿನ ಎಲ್‌ಇಡಿ ಫ್ಲಡ್ ನಾಲ್ಕು ಸಿಕ್ಕಿದರೆ ಅದೇ ಉತ್ತಮ. ಮಕ್ಕಳಿಗೆ ಸೆಕೆಯೂ ಆಗದು. ಅಡಿಕೆಮರದ ಕಂಬ ನೆಟ್ಟು 9 ಅಡಿ ಎತ್ತರದಲ್ಲಿ, ಎರಡೂ ಬದಿಯಿಂದ ಓರೆಯಾಗಿ ಬೀಳುವಂತೆ ಕಟ್ಟಿ. ನೆಲದ ಮೇಲಿಟ್ಟರೆ ನೆರಳು ಗಲ್ಲದಿಂದ ಮೇಲಕ್ಕೆ ಹೋಗಿ ಎಲ್ಲರ ಮುಖವೂ ಭೀಕರವಾಗಿ ಕಾಣುತ್ತದೆ. ಮೂರು ಪಿನ್ನಿನ, ಅರ್ತ್ ಇರುವ ವಯರೇ ಬೇಕು. ಜೋಡಿಸಿದ ಜಾಗ ಹುಲ್ಲಿನ ಮೇಲಾಗಲಿ ಒದ್ದೆ ನೆಲದ ಮೇಲಾಗಲಿ ಇರಬಾರದು. ದೂರದಲ್ಲಿ ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕಿತ್ತು, ಎಲ್ಲರನ್ನೂ ಕಂಬ ಮತ್ತು ಮರಗಳಿಂದ ದೂರ, ಮಾಡಿನ ಕೆಳಗೆ ಸೇರಿಸಿ. ಮಳೆ ನಿಂತು ಅರ್ಧ ಗಂಟೆ ಗುಡುಗಿಲ್ಲದಿದ್ದರೆ ನಿಲ್ಲಿಸಿದ ದೃಶ್ಯದ ಮೊದಲಿನಿಂದ ಮತ್ತೆ ಶುರುಮಾಡಬಹುದು.