ಕಲಿಸಿಕೊಟ್ಟ ಹುಡುಗಿಯ ಕೈಕೆಳಗೆ ದುಡಿಯಲೇ?

ಪ್ರಶ್ನೆ: ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ 9 ವರ್ಷ ದುಡಿದೆ. ಓವರ್‌ಲಾಕ್ ಮಷಿನ್‌ನಿಂದ ಶುರುಮಾಡಿ ಲೈನ್ ಸೂಪರ್‌ವೈಸರ್ ಆಗಿದ್ದೆ. ಆರ್ಡರ್ ಇಲ್ಲವೆಂದು ಯುಗಾದಿ ಆದಮೇಲೆ ಘಟಕ ಮುಚ್ಚಿದರು. ಬೇರೆ ಕಡೆ ಇಂಟರ್‌ವ್ಯೂಗೆ ಹೋದಾಗ "ನಿಮ್ಮ ಬಗ್ಗೆ ಹೇಳಿ" ಅಂದರು, ಬಾಯೇ ಬರಲಿಲ್ಲ. "ಕಂಪ್ಯೂಟರ್ ಬರುತ್ತಾ?" ಅಂದಾಗ ಕಣ್ಣಲ್ಲಿ ನೀರು ಬಂತು, ಎದ್ದು ಬಂದೆ. ಆಮೇಲೆ ಎಲ್ಲಿಗೂ ಹೋಗಿಲ್ಲ. ಮನೆಯವರು ಆಟೊ ಓಡಿಸುತ್ತಾರೆ, ಮಗ ಎಂಟನೇ ಕ್ಲಾಸು. ಪಿಎಫ್ ಪೂರ್ತಿ ತೆಗೆದುಬಿಡೋಣ ಅನ್ನುತ್ತಾರೆ. ಅತ್ತೆ "ಇನ್ನು ಮನೆಯಲ್ಲೇ ಇರು" ಅನ್ನುತ್ತಾರೆ. ನಾನೇ ಕೆಲಸ ಕಲಿಸಿದ ಹುಡುಗಿ ಈಗ ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ಲೈನ್ ನೋಡಿಕೊಳ್ಳುತ್ತಾಳೆ. "ಬನ್ನಿ ಅಕ್ಕ, ಒಂದು ಮಷಿನ್ ಖಾಲಿ ಇದೆ, ಪೀಸ್ ರೇಟು" ಎಂದು ಫೋನ್ ಮಾಡಿದ್ದಾಳೆ. ಅವಳ ಕೈಕೆಳಗೆ ಮತ್ತೆ ಮಷಿನ್ ಮೇಲೆ ಕೂರಲು ನಾಚಿಕೆ. ಹೋಗದಿದ್ದರೆ ಮನೆ ನಡೆಯುವುದಿಲ್ಲ. ಏನು ಮಾಡಲಿ?
– ಹೆಸರು ಬೇಡ, ಬಳ್ಳಾರಿ

ಉತ್ತರ: ಹೋಗಿ. ಆದರೆ ಕೇಳಬೇಕಾದ್ದನ್ನು ಕೇಳಿಕೊಂಡು ಹೋಗಿ.

ಬಳ್ಳಾರಿಯಲ್ಲಿ ಹೊಲಿಯುವವರಿಗೆ ಬರವಿಲ್ಲ. ಮಷಿನ್ ಖಾಲಿಯಾಯಿತು ಎಂದಾಗ ಆ ಹುಡುಗಿಗೆ ಮೊದಲು ನೆನಪಾದದ್ದು ನೀವು, ಕರೆದದ್ದು "ಅಕ್ಕ" ಎಂದೇ. ಇದರಲ್ಲಿ ನಿಮ್ಮನ್ನು ತಗ್ಗಿಸುವುದು ಏನಿದೆಯಮ್ಮ? ನಿಮ್ಮ ಹಳೇ ಘಟಕ ಮುಚ್ಚಿದ್ದು ಆರ್ಡರ್ ನಿಂತಿದ್ದಕ್ಕೆ. ಆ ಮಾಲೀಕರ ವ್ಯಾಪಾರವೂ ಅದೇ ದಿನ ಹೋಯಿತು. ನಿಮ್ಮ ಕೆಲಸದಲ್ಲಿ ಕೊರತೆ ಇತ್ತೆಂದು ಯಾರೂ ಹೇಳಿಲ್ಲ, ನಿಮಗೆ ನೀವೇ ಹೇಳಿಕೊಳ್ಳುತ್ತಿದ್ದೀರಿ.

ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿದ್ದಕ್ಕೂ ಇಷ್ಟು ಕೊರಗಬೇಡಿ. ಒಂಬತ್ತು ವರ್ಷ ನಿಮ್ಮ ಕೆಲಸವನ್ನು ಮಾತಿನಲ್ಲಿ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಮಗನ ಹಳೇ ನೋಟ್‌ಬುಕ್ ತೆಗೆದುಕೊಂಡು ಬರೆಯಿರಿ: ಲೈನಿನಲ್ಲಿ ಎಷ್ಟು ಮಷಿನ್ ಇದ್ದವು, ದಿನಕ್ಕೆ ಎಷ್ಟು ಪೀಸ್ ಹೊರಗೆ ಹೋಗುತ್ತಿತ್ತು, ಅದರಲ್ಲಿ ತಿದ್ದಲು ವಾಪಸು ಬಂದ ಆಲ್ಟರ್ ಪೀಸ್ ಎಷ್ಟು, ಇಬ್ಬರು ರಜೆ ಹಾಕಿದ ದಿನ ಬಂಡಲ್ ನಿಲ್ಲದಂತೆ ಯಾರನ್ನು ಎಲ್ಲಿ ಕೂರಿಸಿದಿರಿ. ಕಾಲಿನ ಹೊಲಿಗೆ ಸುಕ್ಕುಬಿದ್ದರೆ ದೋಷ ದಾರದ ಟೆನ್ಷನ್‌ನಲ್ಲೋ ಸೂಜಿಯಲ್ಲೋ ಎಂದು ನೋಡಿದೊಡನೆ ಹೇಳಬಲ್ಲವರು ನೀವು, ಅದನ್ನೂ ಬರೆಯಿರಿ. ರಾತ್ರಿ ಊಟ ಆದಮೇಲೆ ಮನೆಯವರ ಮುಂದೆ ಜೋರಾಗಿ ಹೇಳಿ. ಮೊದಲ ಸಲ ತೊದಲುತ್ತೀರಿ, ತೊದಲಲಿ. ಕಂಪ್ಯೂಟರ್ ಕೇಳಿದರೆ "ಬರಲ್ಲ ಸಾರ್, ಲೈನಿನ ಲೆಕ್ಕ ಪುಸ್ತಕದಲ್ಲಿ ಇಡ್ತಿದ್ದೆ, ಕಲಿತೀನಿ" ಎಂದರೆ ಸಾಕು.

ಈಗ ಹೊಸ ಜಾಗದ ಮಾತು. ಸೂಪರ್‌ವೈಸರ್ ಆದಮೇಲೆ ನೀವು ಮಷಿನ್ ಮೇಲೆ ದಿನವಿಡೀ ಕೂತಿಲ್ಲ, ಕೈಯ ವೇಗ ಇಳಿದಿರುತ್ತದೆ. ಶುರುವಿನ ವಾರಗಳಲ್ಲಿ ಪಕ್ಕದ ಇಪ್ಪತ್ತರ ಹುಡುಗಿ ನಿಮಗಿಂತ ಹೆಚ್ಚು ಪೀಸ್ ತೆಗೆಯುತ್ತಾಳೆ, ಕೂಲಿಯೂ ಕಮ್ಮಿ ಬರುತ್ತದೆ. ಅದನ್ನು ನೋಡಿ "ನನ್ನ ಕೈಲಾಗಲ್ಲ" ಎಂದು ಮನೆಗೆ ಬಂದುಬಿಡಬೇಡಿ, ವೇಗ ಮರಳುತ್ತದೆ. ಇನ್ನೊಂದು ವಿಷಯ, ಇದು ನಿಮಗೆ ಎಲ್ಲಕ್ಕಿಂತ ಕಷ್ಟವಾದೀತು: ಆ ಹುಡುಗಿ ಲೈನಿನಲ್ಲಿ ತಪ್ಪು ಮಾಡಿದರೆ ನಾಲ್ಕು ಜನರೆದುರು ತಿದ್ದಬೇಡಿ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವಳೊಬ್ಬಳಿಗೇ ಹೇಳಿ. ಅಲ್ಲಿ ಲೈನು ಅವಳದು.

ಸೇರುವ ಮುಂಚೆ ಅವಳನ್ನು ಸಂಕೋಚವಿಲ್ಲದೆ ಕೇಳಿ: ಯಾವ ಆಪರೇಷನ್‌ಗೆ ಎಷ್ಟು ರೇಟು, ಬಟವಾಡೆ ಯಾವ ದಿನ, ಚೆಕಿಂಗ್‌ನಲ್ಲೋ ಲೈನಿನಲ್ಲೋ ಜಾಗ ಆದರೆ ನನ್ನ ಹೆಸರು ಹೇಳುತ್ತೀಯಾ, ಪಿಎಫ್ ಮತ್ತು ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟುತ್ತಾರಾ. ಕೊನೆಯದನ್ನು ಒತ್ತಿ ಹೇಳುತ್ತಿದ್ದೇನೆ, ಕಾರಣವಿದೆ. ಪಿಎಫ್ ಜೊತೆಗಿರುವ ಪಿಂಚಣಿ ಸಿಗಲು 10 ವರ್ಷದ ಸೇವೆ ಬೇಕು. ನಿಮ್ಮದು 9 ಆಗಿದೆ. ಈಗ ಪಿಂಚಣಿಯ ಭಾಗವನ್ನೂ ಸೇರಿಸಿ ಎಲ್ಲ ತೆಗೆದುಬಿಟ್ಟರೆ ಒಂಬತ್ತು ವರ್ಷದ ಲೆಕ್ಕ ಅಳಿಸಿಹೋಗುತ್ತದೆ. ನಿಮ್ಮ ಪಿಎಫ್ ಖಾತೆಯ ಅದೇ ಯುಎಎನ್ ನಂಬರಿನಲ್ಲಿ ಇನ್ನೊಂದು ವರ್ಷ ದುಡಿದರೆ 58 ತುಂಬಿದ ಮೇಲೆ ತಿಂಗಳು ತಿಂಗಳು ಬರುತ್ತದೆ. ಮನೆಯವರಿಗೆ ಇದನ್ನು ಕೂರಿಸಿ ತಿಳಿಸಿ. ಪಿಎಫ್ ಇಲ್ಲದ ಘಟಕವಾದರೆ ಸದ್ಯಕ್ಕೆ ಸೇರಿ, ಆದರೆ ಪಿಎಫ್ ಇರುವ ಕಡೆ ಹುಡುಕುವುದನ್ನು ಬಿಡಬೇಡಿ.

ತುರ್ತು ಖರ್ಚಿಗೆ ಪಿಎಫ್‌ಗೆ ಕೈಹಾಕುವ ಮೊದಲು ನಿಮಗೆ ಬರಬೇಕಾದ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗಾಗಿ ಮಾಲೀಕರು ಕೊಡಬೇಕಾದ ಇಡಿಗಂಟು, ಕೇಳಿ. 5 ವರ್ಷ ಮುಗಿಸಿದವರಿಗೆ ಅದು ಹಕ್ಕು. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. 13,000 ರೂಪಾಯಿ ಇತ್ತು ಎಂದುಕೊಂಡರೆ ನಿಮಗೆ 67,500 ಬರಬೇಕು. ಸಣ್ಣ ಮೊತ್ತವಲ್ಲ. ಇಎಸ್‌ಐ ಕಾರ್ಡ್ ಇದ್ದರೆ ಅದರ ಶಾಖಾ ಕಚೇರಿಯಲ್ಲಿ, ಕೆಲಸ ಹೋದವರಿಗಿರುವ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯ ಭತ್ಯೆ ನಿಮಗೆ ಸಿಗುತ್ತದೆಯೇ ವಿಚಾರಿಸಿ.

ಗ್ರಾಚ್ಯುಟಿ ಅರ್ಜಿಯನ್ನು ಹಳೇ ಮಾಲೀಕರಿಗೆ ಬರವಣಿಗೆಯಲ್ಲೇ ಕೊಡಿ, ಜೊತೆಗೆ ಅನುಭವ ಪತ್ರವನ್ನೂ ಕೇಳಿ. 30 ದಿನದಲ್ಲಿ ಹಣ ಕೊಡದಿದ್ದರೆ ಬಳ್ಳಾರಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ತಿಂಗಳುಗಳು ಕಳೆದಿವೆ, ಈಗ ಹೇಗೆ ಕೇಳುವುದು ಎಂದು ಸುಮ್ಮನಾಗಬೇಡಿ, ತಡವಾಯಿತೆಂದು ಆ ಹಣ ಮುಳುಗುವುದಿಲ್ಲ. ಸಂಬಳದ ಚೀಟಿಗಳನ್ನು ಜೋಪಾನವಾಗಿಟ್ಟುಕೊಳ್ಳಿ. ಅರ್ಜಿಯ ಒಂದು ಪ್ರತಿಗೆ ಸಹಿ, ತಾರೀಖು ಹಾಕಿಸಿಕೊಂಡೇ ಬನ್ನಿ.