ಬದಿಯಡ್ಕದ ಅಡಿಕೆಗೆ ಸರ್ಕಾರ ಯಾಕೆ ಬೇಕು?

ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಹೊರದೇಶದ ಅಡಿಕೆ ಕಡಿಮೆ ಬೆಲೆಗೆ ಸಿಗುವುದಾದರೆ ಬರಲಿ ಬಿಡಿ, ನಿಮಗೆ ಗಿಟ್ಟದಿದ್ದರೆ ಬೇರೆ ಏನಾದರೂ ಬೆಳೆಯಿರಿ, ಸರ್ಕಾರ ಯಾಕೆ ನಡುವೆ ಕೈ ಹಾಕಬೇಕು ಅಂದಿರಿ. ಬೆಂಗಳೂರಿನಿಂದ ನೋಡುವಾಗ ಇದು ತೀರಾ ಸರಳ ಲೆಕ್ಕ. ನಾನಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಇಲ್ಲಿ ಲೆಕ್ಕ ಹೇಗಿದೆ ಅಂತ ಹೇಳುತ್ತೇನೆ.

ಮೊದಲು ಜಾಗದ ಪರಿಚಯ ಆಗಬೇಕು. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಮನೆಮಾತು ಕನ್ನಡ, ಪೇಟೆಗೆ ಹೋದರೆ ತುಳು, ಸರ್ಕಾರಿ ಕಚೇರಿಯಲ್ಲಿ ಮಲಯಾಳ. ಪೆರ್ಲ ದಾಟಿ ಸಾರಡ್ಕದ ಗಡಿ ಕಳೆದರೆ ವಿಟ್ಲ, ಅಲ್ಲಿಂದ ಮುಂದೆ ಪುತ್ತೂರು. ಗಡಿಯ ಎರಡೂ ಬದಿಯಲ್ಲಿ ಅದೇ ಮಣ್ಣು, ಅದೇ ಮಳೆ, ಅದೇ ಚಾಲಿ ಅಡಿಕೆ, ಅಂದರೆ ಹಣ್ಣಾದ ಮೇಲೆ ಒಣಗಿಸಿ ಸುಲಿದದ್ದು. ಕಾನೂನು ಮಾತ್ರ ಬೇರೆ. ಕರ್ನಾಟಕದಲ್ಲಿ ಕೃಷಿ ಮಾರುಕಟ್ಟೆಯನ್ನು ನಿಯಂತ್ರಿಸುವ ಎಪಿಎಂಸಿ ಕಾಯ್ದೆ ಇದೆ, ಯಾರ್ಡ್ ಇದೆ, ಸೆಸ್ ಇದೆ. ಕೇರಳದಲ್ಲಿ ಎಪಿಎಂಸಿ ಕಾಯ್ದೆಯೇ ಇಲ್ಲ. ಅಂದರೆ ನೀವು ಹೇಳುವ ಮುಕ್ತ ಮಾರುಕಟ್ಟೆಯೂ ನಿಯಂತ್ರಿತ ಮಾರುಕಟ್ಟೆಯೂ ನಮಗೆ ಸ್ಕೂಟರಿನಲ್ಲಿ ಹೋಗಿ ನೋಡಿ ಬರುವಷ್ಟು ಹತ್ತಿರ.

ಎರಡು ಕಡೆ ಅಷ್ಟೊಂದು ವ್ಯತ್ಯಾಸ ಇರಬೇಕು ಅಂತ ನೀವು ಅಂದುಕೊಂಡರೆ, ಇಲ್ಲ. ಅಡಿಕೆ ಮಾರುವಾಗ ನಡೆಯುವುದನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ, ಸುಲಿಸಿ, ಗೋಣಿ ತುಂಬಿ ಜೀಪಿನಲ್ಲಿ ಹಾಕಿಕೊಂಡು ಪೇಟೆಗೆ ಹೋಗುತ್ತೇವೆ. ಅಂಗಡಿಯವರು ಗೋಣಿಯ ಬಾಯಿ ಬಿಚ್ಚುತ್ತಾರೆ. ಕೈಯನ್ನು ಮೊಣಕೈವರೆಗೆ ಒಳಗೆ ಇಳಿಸಿ ಒಂದು ಮುಷ್ಟಿ ಮೇಲೆ ತೆಗೆಯುತ್ತಾರೆ. ನಾಲ್ಕೈದು ಅಡಿಕೆ ಕತ್ತರಿಸಿ ಒಳಗಿನ ಬಿಳಿ ಹೇಗಿದೆ ಅಂತ ನೋಡುತ್ತಾರೆ. ಆಮೇಲೆ ಪಟೋರ ಎಷ್ಟು, ಉಳ್ಳಿಗಡ್ಡೆ ಎಷ್ಟು, ಕರಿಗೋಟು ಎಷ್ಟು ಅಂತ ಅಡಿಕೆಯ ದರ್ಜೆಗಳನ್ನು ಕಣ್ಣಂದಾಜಿನಲ್ಲಿ ಹೇಳುತ್ತಾರೆ. ಒಂದೊಂದಕ್ಕೂ ಬೇರೆ ಬೇರೆ ಧಾರಣೆ. ಆ ಕಣ್ಣಂದಾಜಿನಲ್ಲೇ ನಮ್ಮ ವರ್ಷದ ದುಡಿಮೆಯ ದೊಡ್ಡ ಭಾಗ ಆಚೀಚೆ ಆಗುತ್ತದೆ. ಬದಿಯಡ್ಕದಲ್ಲೂ ಹೀಗೇ, ವಿಟ್ಲದಲ್ಲೂ ಹೀಗೇ. ಕಾಯ್ದೆ ಆ ಗೋಣಿಯ ಒಳಗಿನವರೆಗೆ ತಲುಪುವುದಿಲ್ಲ.

ಅಲ್ಲಿಗೆ ತಲುಪಿದ್ದು ಬೆಳೆಗಾರರದ್ದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೋ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಸರ್ಕಾರ ಬೇಕೋ ಬೇಡವೋ ಅಂತ ವಾದ ಮಾಡುವವರು ಇಂಥ ಮೂರನೇ ದಾರಿಯನ್ನು ಮರೆತೇಬಿಡುತ್ತಾರೆ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿತು. ಕೊಳ್ಳುವವರು ಹೇಳಿದ್ದೇ ದರ ಅನ್ನುವ ಸ್ಥಿತಿ. ಆಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಈ ಸಂಸ್ಥೆ ಕಟ್ಟಿದರು. ಕರ್ನಾಟಕ, ಕೇರಳ ಎರಡೂ ರಾಜ್ಯಗಳು ಅದಕ್ಕೆ ಬೆಂಬಲ ಕೊಟ್ಟವು. ಗಡಿ ಮೀರಿದ ಸಂಸ್ಥೆ ಆದ್ದರಿಂದ ನನ್ನಂಥ ಕೇರಳದವನಿಗೂ ಪುತ್ತೂರಿನವರಿಗೂ ಒಂದೇ ಧಾರಣೆಪಟ್ಟಿ.

ಕ್ಯಾಂಪ್ಕೋ ಬಂದ ಮೇಲೆ ಖಾಸಗಿ ಅಂಗಡಿಗಳು ಮುಚ್ಚಲಿಲ್ಲ. ಇವತ್ತಿಗೂ ಬಹಳ ಅಡಿಕೆ ಅವರಿಗೇ ಹೋಗುತ್ತದೆ, ಕೆಲವು ದಿನ ಅವರೇ ಒಂದೆರಡು ರೂಪಾಯಿ ಜಾಸ್ತಿ ಕೊಡುತ್ತಾರೆ. ಆದರೆ ಈಗ ಅಂಗಡಿಯವರು ದರ ಹೇಳಿದಾಗ 'ಕ್ಯಾಂಪ್ಕೋದಲ್ಲಿ ಇಷ್ಟಿದೆ ಅಲ್ವಾ?' ಅಂತ ಕೇಳಬಹುದು. ಗಿಟ್ಟದಿದ್ದರೆ ಗೋಣಿ ಕಟ್ಟಿ ಅಲ್ಲಿಗೆ ಒಯ್ಯಬಹುದು. ಯಾವ ಅಧಿಕಾರಿಯ ಆದೇಶವೂ ಕೊಡದ ಬಲ ಇದು.

ಕೋಕೋದ ಕತೆ ಇನ್ನೂ ಸ್ಪಷ್ಟ. ಅಡಿಕೆಯ ನಡುವೆ ಕೋಕೋ ಹಾಕಿ, ನಾವೇ ಕೊಳ್ಳುತ್ತೇವೆ ಅಂತ ಕಂಪನಿಯವರು ಹುರಿದುಂಬಿಸಿದ್ದರು. ಜನ ನೆಟ್ಟರು. ಗಿಡ ಕಾಯಿ ಬಿಡುವ ಹೊತ್ತಿಗೆ ಲೋಕದ ಮಾರುಕಟ್ಟೆಯಲ್ಲಿ ದರ ಬಿತ್ತು, ಖರೀದಿ ನಿಂತಿತು. ಹಸಿ ಕೋಕೋ ಬೀಜವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ, ಕೊಳೆತು ಹೋಗುತ್ತದೆ. ಆಗ ಕೊಳ್ಳಲು ಮುಂದೆ ಬಂದದ್ದು ಕ್ಯಾಂಪ್ಕೋ. ಕೊಂಡದ್ದನ್ನು ಏನು ಮಾಡುವುದು ಅನ್ನುವುದಕ್ಕೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಮಾರುಕಟ್ಟೆ ತಾನಾಗಿ ಎಲ್ಲವನ್ನೂ ಸರಿಮಾಡುತ್ತದೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಅದು ಸರಿಮಾಡುವ ಹೊತ್ತಿಗೆ ನಮ್ಮ ಗಿಡ ಕಡಿದು ಹಾಕಿ ಆಗಿರುತ್ತದೆ.

ಬೇರೆ ಬೆಳೆ ಬೆಳೆಯಿರಿ ಅಂದಿರಲ್ಲ, ಅದಕ್ಕೂ ಉತ್ತರ ಇಲ್ಲೇ ಇದೆ. ಅಡಿಕೆ ಸಸಿ ನೆಟ್ಟು ಒಳ್ಳೆಯ ಫಸಲು ಕಾಣಲು ಐದಾರು ವರ್ಷವಾದರೂ ಬೇಕು. ಅಷ್ಟು ವರ್ಷ ನೀರು, ಗೊಬ್ಬರ, ಸೋಗೆ, ಆಳಿನ ಸಂಬಳ ಎಲ್ಲ ಕೈಯಿಂದಲೇ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮರ ಹತ್ತುವವರು ಸಿಗುವುದೇ ಕಷ್ಟ. ಒಂದು ವರ್ಷ ದರ ಬಿತ್ತು ಅಂತ ಮರ ಕಡಿದು, ಮುಂದಿನ ವರ್ಷ ದರ ಏರಿತು ಅಂತ ನೆಡಲು ಆಗುವುದಿಲ್ಲ.

ಈಗ ಆಮದಿನ ವಿಷಯಕ್ಕೆ ಬರುತ್ತೇನೆ. ಕ್ಯಾಂಪ್ಕೋ ಎಷ್ಟೇ ಗಟ್ಟಿ ಇದ್ದರೂ ಬಂದರಿನಲ್ಲಿ ಇಳಿಯುವ ಹಡಗನ್ನು ತಡೆಯಲು ಅದರಿಂದ ಆಗದು. ಅದು ಕೇಂದ್ರ ಸರ್ಕಾರದ ಕೆಲಸ. ಹೊರಗಿನ ಅಡಿಕೆಗೆ ನೂರಕ್ಕೆ ನೂರು ಸುಂಕ ಇದೆ. ಅದರ ಮೇಲೆ ಕನಿಷ್ಠ ಆಮದು ಬೆಲೆ ಅನ್ನುವುದಿದೆ. ಅಂದರೆ ಇದಕ್ಕಿಂತ ಕಡಿಮೆ ದರ ತೋರಿಸಿ ತರುವ ಹಾಗೇ ಇಲ್ಲ. 2017ರಲ್ಲಿ ಅದನ್ನು ಕಿಲೋಗೆ 251 ರೂಪಾಯಿ ಮಾಡಿದರು, 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದರು. ಕಾಗದದ ಮೇಲೆ ಇದು ಗಟ್ಟಿ ಗೋಡೆ.

ಆದರೆ ಗೋಡೆಗೆ ಕಿಂಡಿಗಳಿವೆ. ಶ್ರೀಲಂಕಾದ ಜೊತೆ ನಮಗೆ ಮುಕ್ತ ವ್ಯಾಪಾರದ ಒಪ್ಪಂದ ಇದೆ. ಬೇರೆ ದೇಶದ ಅಡಿಕೆಗೆ ಶ್ರೀಲಂಕಾದ್ದೇ ಅಂತ ಸರ್ಟಿಫಿಕೇಟ್ ಅಂಟಿಸಿ ತಂದ ಪ್ರಕರಣಗಳು ಸಿಕ್ಕಿಬಿದ್ದಿವೆ. ಮ್ಯಾನ್ಮಾರ್ ಕಡೆಯಿಂದ ಕಾಡುದಾರಿಯಲ್ಲಿ ಬರುವುದು ಬೇರೆ. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಕನಿಷ್ಠ ಬೆಲೆ ಇಲ್ಲದೆಯೇ ತರಲು ಕೇಂದ್ರವೇ ಅನುಮತಿ ಕೊಟ್ಟಿತು. ನೆರೆದೇಶದ ಜೊತೆ ಸಂಬಂಧ ಉಳಿಸಿಕೊಳ್ಳಬೇಕು, ಒಪ್ಪುತ್ತೇನೆ. ಅದರ ಖರ್ಚು ಮಾತ್ರ ನಮ್ಮ ಅಂಗಳದ ಲೆಕ್ಕಕ್ಕೆ ಯಾಕೆ ಬೀಳಬೇಕು? ಹುರಿದ ಅಡಿಕೆ ಅನ್ನುವ ಇನ್ನೊಂದು ದಾರಿಯೂ ಇತ್ತು. ಅಡಿಕೆಯನ್ನು ಹುರಿದರೆ ಸುಂಕದ ಪಟ್ಟಿಯಲ್ಲಿ ಅದು ಬೇರೆಯೇ ಸಾಮಾನು, ಆಗ ಸುಂಕವೂ ಬಹಳ ಕಡಿಮೆ ಇತ್ತು. ಆ ದಾರಿಗೂ 351ರ ಮಿತಿ ಬಂದದ್ದು 2025ರಲ್ಲಿ.

ಇಷ್ಟೆಲ್ಲ ನೋಡಿದವರು ಎರಡು ಥರ ಮಾತಾಡುತ್ತಾರೆ. ನಿಯಮ ಮಾಡಿದ್ದರಿಂದಲೇ ಕಳ್ಳದಾರಿ ಹುಟ್ಟಿತು, ನಿಯಮ ತೆಗೆದುಹಾಕಿ ಅಂತ ಕೆಲವರು. ಇನ್ನೂ ನಾಲ್ಕು ನಿಯಮ ಮಾಡಿ ಅಂತ ಉಳಿದವರು. ನನಗೆ ಎರಡೂ ಸರಿ ಕಾಣುವುದಿಲ್ಲ. ಇರುವ ಒಂದು ನಿಯಮವನ್ನು ಬಂದರಿನಲ್ಲಿ ನೆಟ್ಟಗೆ ನಡೆಸಿದರೆ ಸಾಕು. ಗೋಣಿ ಬಿಚ್ಚಿ, ನಾಲ್ಕು ಅಡಿಕೆ ಕತ್ತರಿಸಿ ನೋಡಿದರೆ ಅದು ನಮ್ಮ ಚಾಲಿಯೋ ಇಂಡೋನೇಷ್ಯಾದ್ದೋ ಅಂತ ಹೇಳಬಲ್ಲವರು ನಮ್ಮ ಪೇಟೆಯಲ್ಲಿ ಇದ್ದಾರೆ. ಅಂಥವರನ್ನು ಬಂದರಿನ ತಪಾಸಣೆಗೆ ಕರೆಯಬಹುದಲ್ಲ?

ಸರ್ಕಾರದ ಮೇಲೆ ನಮಗೆ ಕುರುಡು ನಂಬಿಕೆ ಏನೂ ಇಲ್ಲ. ಇರಲು ಸಾಧ್ಯವೂ ಇಲ್ಲ. ಎಂಡೋಸಲ್ಫಾನ್ ಅನ್ನುವ ಕೀಟನಾಶಕ ನಮ್ಮ ಜಿಲ್ಲೆಯ ಗಾಯ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷ ಸುರಿದರು. ಎಣ್ಮಕಜೆ, ಪಡ್ರೆ, ಬೆಳ್ಳೂರು, ಮುಳಿಯಾರು. ತೋಟದ ನಡುವೆ ಮನೆಗಳಿದ್ದವು, ಬಾವಿಗಳಿದ್ದವು, ತೋಡುಗಳಿದ್ದವು. ಕರ್ನಾಟಕದ ಕೊಕ್ಕಡದ ಕಡೆಯೂ ಇದೇ ಪಾಡು. ತಲೆ ದೊಡ್ಡದಾಗಿ ಹುಟ್ಟಿದ ಮಕ್ಕಳು, ಎದ್ದು ಕೂರಲಾಗದೆ ದೊಡ್ಡವರಾದ ಮಕ್ಕಳು, ಅವರನ್ನು ಬಿಟ್ಟು ಒಂದು ಮದುವೆಮನೆಗೂ ಹೋಗಲಾಗದ ಅಮ್ಮಂದಿರು. ಸಿಂಪಡಿಸಿದ್ದು ಯಾವುದೋ ಲಾಭಕೋರ ಖಾಸಗಿ ತೋಟದವರಲ್ಲ, ಕೇರಳ ಸರ್ಕಾರದ್ದೇ ತೋಟಗಾರಿಕೆ ನಿಗಮ. ತೋಟವೂ ಸರ್ಕಾರದ್ದು, ತೋಟದವರ ಮೇಲೆ ಕಣ್ಣಿಡಬೇಕಾದ ಇಲಾಖೆಯೂ ಸರ್ಕಾರದ್ದು. ಜನ ದೂರು ಕೊಟ್ಟರೆ ಯಾರಿಗೆ ಕೊಡಬೇಕಿತ್ತು?

ನಿಲ್ಲಿಸಿದ್ದು ಊರಿನ ಜನ, ಊರಿನ ವೈದ್ಯರು, ಪತ್ರಿಕೆಗೆ ಬರೆದವರು, ಆಮೇಲೆ ಕೋರ್ಟು. ಇಡೀ ದೇಶದಲ್ಲಿ ಅದರ ಮಾರಾಟಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಅಂತ ಹೇಳಿತು. 2022ರಲ್ಲೂ ಅದೇ ಕೋರ್ಟ್ ರಾಜ್ಯ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು.

ಆದ್ದರಿಂದ ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆ ಹೀಗೆ ಬದಲಾಗುತ್ತದೆ: ಕಾವಲು ಕಾಯುವವನು ವ್ಯಾಪಾರದಲ್ಲಿ ಪಾಲುದಾರನೋ ಅಲ್ಲವೋ? ನಮ್ಮ ಕೂಗು ಅವನ ಕಿವಿಗೆ ಬೀಳುತ್ತದೋ ಇಲ್ಲವೋ? ಕ್ಯಾಂಪ್ಕೋದಲ್ಲಿ ನಾನು ಸದಸ್ಯ, ಮಹಾಸಭೆಯಲ್ಲಿ ಎದ್ದು ಕೇಳಬಹುದು. ಹೆಲಿಕಾಪ್ಟರ್ ಕಳಿಸಿದವರನ್ನು ಹಾಗೆ ಕೇಳಲು ಪಡ್ರೆಯ ಒಬ್ಬ ತಾಯಿಗೂ ಆಗಲಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಬಂದರಿನಲ್ಲಿ ನಮ್ಮ ಪರ ನಿಲ್ಲಿ ಅಂತ ಸರ್ಕಾರವನ್ನು ಕೇಳುವ ನಾವು, ಗುಟ್ಕಾ ಮೇಲೆ ಕಡಿವಾಣ ಬಂದಾಗ ನಮ್ಮ ತಂಟೆಗೆ ಬರಬೇಡಿ ಅಂತೇವೆ. ಕೇರಳ 2012ರಲ್ಲಿ ಗುಟ್ಕಾ ನಿಷೇಧಿಸಿತು, ಕರ್ನಾಟಕ 2013ರಲ್ಲಿ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಪ್ರಕಟಿಸಿದೆ. ನಮ್ಮಲ್ಲಿ ಬಹಳ ಜನ ಇದನ್ನು ಒಪ್ಪುವುದಿಲ್ಲ. ಅಜ್ಜ ತೊಂಬತ್ತರವರೆಗೆ ಎಲೆಯಡಿಕೆ ಹಾಕಿದ್ದರು, ಏನೂ ಆಗಿರಲಿಲ್ಲ ಅಂತ ಪ್ರತಿ ಮನೆಯಲ್ಲೂ ಒಂದು ಉದಾಹರಣೆ ಇದೆ. ನಾನೂ ಅಡಿಕೆ ಬೆಳೆಗಾರನೇ. ಆದರೂ ಶಾಲೆಯ ಮಕ್ಕಳ ಕೈಗೆ ಐದು ರೂಪಾಯಿಯ ಪೊಟ್ಟಣ ಸಿಗಬಾರದು ಅನ್ನುವ ನಿಯಮಕ್ಕೆ ನಾನು ಅಡ್ಡ ಬರುವುದಿಲ್ಲ. ನನ್ನ ಧಾರಣೆ ಅದರಿಂದ ಸ್ವಲ್ಪ ಇಳಿದರೂ ಸರಿ. ನಮಗೆ ಅನುಕೂಲ ಆಗುವ ನಿಯಮ ಮಾತ್ರ ಇರಲಿ ಅಂತ ನಾವೇ ಹೇಳಿದರೆ, ಹುರಿದ ಅಡಿಕೆ ತರುವವರಿಗೆ ಏನು ಹೇಳುವುದು?

ಇನ್ನು ಹತ್ತು ವರ್ಷಕ್ಕೆ ಅಡಿಕೆ ಬಿಟ್ಟು ಏನು ಅನ್ನುವ ಪ್ರಶ್ನೆಗೆ ಈಗಲೇ ತಯಾರಿ ಬೇಕು. ಕಾಸರಗೋಡಿನಲ್ಲೇ ಕೇಂದ್ರದ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ಸಿಪಿಸಿಆರ್‌ಐ. ಕಾಳುಮೆಣಸು, ಕೋಕೋ, ಜಾಯಿಕಾಯಿಯನ್ನು ಅಡಿಕೆಯ ನಡುವೆಯೇ ಬೆಳೆಸುವ ದಾರಿ ಅವರಿಗೆ ಗೊತ್ತು. ಬೇರೆ ಬೆಳೆ ಬೆಳೆಯಿರಿ ಅನ್ನುವ ನಿಮ್ಮ ಮಾತಿಗೆ ನಾನು ಒಪ್ಪುವುದು ಇಲ್ಲಿ. ಆದರೆ ಆ ಹತ್ತು ವರ್ಷ ದಾಟಲು 351ರ ಗೋಡೆ ನಿಂತಿರಬೇಕು. ಅದನ್ನು ಈ ವರ್ಷವೇ ಕೆಡವಿ ಅಂದರೆ, ಎರಡು ಎಕರೆಯ ಬೆಳೆಗಾರ ಜಾಯಿಕಾಯಿ ಗಿಡ ಕಾಯಿ ಬಿಡುವ ಮೊದಲೇ ತೋಟ ಮಾರಿ ಹೋಗಿರುತ್ತಾನೆ.