ಈಜುಕೊಳದ ಕಂಟ್ರೋಲ್ ಪ್ಯಾನೆಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮನೆಯ ಈಜುಕೊಳದ ಕಂಟ್ರೋಲ್ ಪ್ಯಾನೆಲ್, ಅಂದರೆ ಪಂಪ್, ದೀಪ ಮುಂತಾದವನ್ನು ನಡೆಸುವ ವಿದ್ಯುತ್ ಪೆಟ್ಟಿಗೆಯ ಬಗ್ಗೆ ಕೇಳಿದವೇ ಹೆಚ್ಚು. ಉತ್ತರಗಳಿಗೆ ಮೊದಲು ಎಲ್ಲರಿಗೂ ಅನ್ವಯಿಸುವ ಒಂದು ಮಾತು. ಪ್ಯಾನೆಲ್‌ನೊಳಗೆ ಕೈ ಹಾಕುವ ಮುನ್ನ ಅದಕ್ಕೆ ಕರೆಂಟ್ ಕೊಡುವ ಮೇನ್ ಬೋರ್ಡ್‌ನಲ್ಲೇ ಆಫ್ ಮಾಡಿ, ಬೇರೆಯವರು ಆನ್ ಮಾಡದಂತೆ ಬೀಗ ಹಾಕಿ. ಪ್ಯಾನೆಲ್‌ನ ಐಸೊಲೇಟರ್ (ಪ್ಯಾನೆಲ್‌ನದೇ ಮುಖ್ಯ ಸ್ವಿಚ್) ಮಾತ್ರ ಆಫ್ ಮಾಡಿದರೆ ಅದಕ್ಕೆ ವೈರು ಬಂದು ಸೇರುವ ಟರ್ಮಿನಲ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಲೈನ್ ಟೆಸ್ಟರ್ ಹೊತ್ತಲಿಲ್ಲ ಎಂಬುದನ್ನು ನಂಬಬೇಡಿ. ಮಲ್ಟಿಮೀಟರ್ ಹಿಡಿದು ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರೂ ಕಡೆ ಸೊನ್ನೆ ಬರುವುದನ್ನು ನೋಡಿ. ಕೆಳಗಿನ ಅಂಕಿಗಳು 230 ವೋಲ್ಟ್, 50 ಹರ್ಟ್ಸ್ ಸರಬರಾಜಿಗೆ ಸಂಬಂಧಿಸಿದವು. ಮೀಟರ್ ಬಳಸಿ ರೂಢಿಯಿಲ್ಲದವರು ಕಣ್ಣಿನ ಪರಿಶೀಲನೆಗಷ್ಟೇ ನಿಂತು, ಉಳಿದದ್ದನ್ನು ಅರ್ಹ ಎಲೆಕ್ಟ್ರಿಷಿಯನ್‌ಗೆ ಬಿಡಬೇಕು.

ಪ್ರಶ್ನೆ: ಬೆಳಿಗ್ಗೆ ಪಂಪ್ ಶುರುವಾಗುವ ಹೊತ್ತಿಗೆ ಆರ್‌ಸಿಸಿಬಿ (ಕರೆಂಟ್ ಅರ್ತಿಗೆ ಸೋರಿದರೆ ಸರಬರಾಜು ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ, ಅಂದರೆ ತಾನೇ ಬಿದ್ದು ಆಫ್ ಆಗುತ್ತದೆ. ಮಧ್ಯಾಹ್ನ ಹಾಕಿದರೆ ಬೀಳದೆ ನಿಲ್ಲುತ್ತದೆ. ಕೆಲವೊಮ್ಮೆ ಎಲ್ಲ ಎಂಸಿಬಿ (ಒಂದೊಂದು ಉಪಕರಣದ ಸರ್ಕ್ಯೂಟ್ ಬ್ರೇಕರ್) ಆಫ್ ಮಾಡಿದ್ದರೂ ಬೀಳುತ್ತದೆ. 30 ಮಿಲಿಆಂಪಿಯರ್‌ನದ್ದು ತೆಗೆದು 100 ಮಿಲಿಆಂಪಿಯರ್‌ನದ್ದು ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹಾಕಿಸಬಹುದೇ?

ಉತ್ತರ: ಖಂಡಿತ ಬೇಡ. ನೀರಿನಲ್ಲಿ ನೆನೆದ ಮೈ ಕರೆಂಟಿಗೆ ಸುಲಭದ ದಾರಿ. 30 ಮಿಲಿಆಂಪಿಯರ್ ಎಂಬ ಮಿತಿ ಇರುವುದು ಜೀವ ಉಳಿಸಲಿಕ್ಕೆ. 100 ಅಥವಾ 300 ಮಿಲಿಆಂಪಿಯರ್‌ನ ಸಾಧನ ಕಟ್ಟಡವನ್ನು ಬೆಂಕಿಯಿಂದ ಕಾಪಾಡೀತು, ಮನುಷ್ಯನನ್ನಲ್ಲ.

ನಿಮ್ಮ ಪ್ರಶ್ನೆಯಲ್ಲಿ ಎರಡು ಒಳ್ಳೆಯ ಸುಳಿವುಗಳಿವೆ. ಬೆಳಿಗ್ಗೆ ಬೀಳುತ್ತದೆ, ಮಧ್ಯಾಹ್ನ ನಿಲ್ಲುತ್ತದೆ ಎಂದರೆ ಎಲ್ಲೋ ತೇವ ಸೇರಿದೆ. ರಾತ್ರಿ ತಣಿದ ಮೋಟಾರಿನ ಟರ್ಮಿನಲ್ ಬಾಕ್ಸ್‌ನಲ್ಲಿ ಇಬ್ಬನಿ ಕೂರುತ್ತದೆ, ಬಿಸಿಲೇರಿದಾಗ ಆರುತ್ತದೆ. ಎಂಸಿಬಿ ಆಫ್ ಇದ್ದರೂ ಬೀಳುವುದು ಎರಡನೆಯ ಸುಳಿವು. ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ; ನ್ಯೂಟ್ರಲ್ ಜೋಡಣೆ ಹಾಗೆಯೇ ಉಳಿದಿರುತ್ತದೆ. ಆ ನ್ಯೂಟ್ರಲ್ ಎಲ್ಲಾದರೂ ಅರ್ತಿಗೆ ತಾಗಿದ್ದರೆ ಆರ್‌ಸಿಸಿಬಿ ಬೀಳಲು ಅಷ್ಟೇ ಸಾಕು. ಆದ್ದರಿಂದ ಎಂಸಿಬಿಗಳನ್ನು ಒಂದೊಂದಾಗಿ ಹಾಕಿ ನೋಡುವ ಸಾಮಾನ್ಯ ಪದ್ಧತಿ ಇಲ್ಲಿ ದಾರಿ ತಪ್ಪಿಸುತ್ತದೆ. ಮೇನ್ ಮತ್ತು ಎಲ್ಲ ಎಂಸಿಬಿ ಆಫ್ ಮಾಡಿ, ನ್ಯೂಟ್ರಲ್ ಬಾರ್‌ನಿಂದ ಎಲ್ಲ ಲೋಡ್‌ಗಳ (ಕರೆಂಟ್ ಬಳಸುವ ಉಪಕರಣಗಳ) ನ್ಯೂಟ್ರಲ್ ಬಿಚ್ಚಿ, ಗುರುತು ಹಚ್ಚಿ, ತುದಿಗೆ ಇನ್ಸುಲೇಶನ್ ಸುತ್ತಿ. ಈಗ ಮೇನ್ ಹಾಕಿದಾಗ ಆರ್‌ಸಿಸಿಬಿ ಬೀಳದೆ ನಿಂತರೆ ಪ್ರತಿ ಸಲ ಮೇನ್ ಆಫ್ ಮಾಡುತ್ತ ಒಂದೊಂದೇ ಲೋಡಿನ ನ್ಯೂಟ್ರಲ್ ಮರಳಿ ಕೂರಿಸಿ, ಆಮೇಲೆ ಅದರ ಎಂಸಿಬಿ ಹಾಕಿ. ಯಾವುದರಲ್ಲಿ ಬೀಳುತ್ತದೋ ದೋಷ ಅಲ್ಲೇ. ಎಲ್ಲ ಬಿಚ್ಚಿದ ಮೇಲೂ ನಿಲ್ಲದಿದ್ದರೆ ಪ್ಯಾನೆಲ್‌ನ ಒಳಗಿನ ವೈರಿಂಗ್ ಅಥವಾ ಆರ್‌ಸಿಸಿಬಿಯೇ ಕೆಟ್ಟಿದೆ.

ಸಿಕ್ಕ ಲೋಡನ್ನು 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) ಅಳೆಯಿರಿ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಸೇರಿಸಿ ಅರ್ತಿನ ಜೊತೆ ಅಳೆಯುವುದು ಕ್ರಮ. ಉಪ್ಪಿನ ಕ್ಲೋರಿನೇಟರ್ (ಉಪ್ಪುನೀರಿನಿಂದ ಕ್ಲೋರಿನ್ ಮಾಡುವ ಸಾಧನ), ಇನ್ವರ್ಟರ್ ಪಂಪ್, ಡಿಜಿಟಲ್ ಟೈಮರ್‌ಗಳನ್ನು ಮೊದಲೇ ಬಿಚ್ಚಿಡಬೇಕು, ಇಲ್ಲವಾದರೆ ಅವುಗಳ ಎಲೆಕ್ಟ್ರಾನಿಕ್ಸ್ ಸುಟ್ಟೀತು. ಆರೋಗ್ಯವಂತ ಮೋಟಾರ್ ಹತ್ತಾರು ಮೆಗಾಓಮ್ ತೋರಿಸುತ್ತದೆ. 1 ಮೆಗಾಓಮ್‌ಗಿಂತ ಕೆಳಗಿಳಿದರೆ ಹಾಗೆಯೇ ಓಡಿಸಬಾರದು.

ಮೋಟಾರಿನಲ್ಲೇ ತೇವ ಇದ್ದರೆ ಒಣಗಿಸಿ ಸುಮ್ಮನಾಗಬೇಡಿ. ಪಂಪಿನ ನೀರಿನ ಭಾಗ ಮತ್ತು ಮೋಟಾರ್ ಸೇರುವಲ್ಲಿ ಕೆಳಗೆ ಬಿಳಿಯ ಅಥವಾ ತುಕ್ಕಿನ ಗೆರೆ ಇಳಿದಿದೆಯೇ ನೋಡಿ. ಇದ್ದರೆ ಮೆಕ್ಯಾನಿಕಲ್ ಸೀಲ್ ಸೋರುತ್ತಿದೆ. ನೀರು ಶಾಫ್ಟ್ ಗುಂಟ ಹೋಗಿ ಮೊದಲು ಬೇರಿಂಗ್ ತಿನ್ನುತ್ತದೆ, ನಂತರ ವೈಂಡಿಂಗ್ ತಲುಪುತ್ತದೆ. ಸೀಲ್ ಬದಲಿಸದೆ ವೈಂಡಿಂಗ್ ಕಟ್ಟಿಸಿದರೆ ಖರ್ಚು ಎರಡು ಸಲ.

ಯಾವ ಲೋಡಿನಲ್ಲೂ ದೋಷ ಸಿಗಲಿಲ್ಲ, ಎಲ್ಲ ಒಟ್ಟಿಗೆ ಓಡಿದಾಗ ಮಾತ್ರ ಬೀಳುತ್ತದೆ ಎಂದಾದರೆ ಅದು ಬೇರೆ ಕಥೆ. ಪ್ರತಿ ಉಪಕರಣಕ್ಕೂ ಸಣ್ಣ ಸಹಜ ಸೋರಿಕೆ ಇರುತ್ತದೆ, ಅವು ಕೂಡುತ್ತವೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಸಹಜ ಸೋರಿಕೆಯ ಮೊತ್ತ 9 ಮಿಲಿಆಂಪಿಯರ್ ದಾಟದಂತೆ ಲೋಡ್‌ಗಳನ್ನು ಎರಡು ಮೂರು ಆರ್‌ಸಿಸಿಬಿಗಳಿಗೆ ಹಂಚುವುದೇ ಇದಕ್ಕೆ ಪರಿಹಾರ.

ಪ್ರಶ್ನೆ: ಕಾಂಟ್ಯಾಕ್ಟರ್ (ಪಂಪನ್ನು ಹಾಕಿ ತೆಗೆಯುವ ಅಯಸ್ಕಾಂತದ ಸ್ವಿಚ್) ಗುಂಯ್‌ಗುಡುತ್ತದೆ, ಕೆಲವೊಮ್ಮೆ ಟಕಟಕ ಬಡಿದುಕೊಳ್ಳುತ್ತದೆ. ಪಾಯಿಂಟ್‌ಗಳು ಕಪ್ಪಾಗಿವೆ. ಉಜ್ಜಿ ಹಾಕಬಹುದೇ?

ಉತ್ತರ: ಪಾಯಿಂಟ್‌ಗಳ ಮೇಲಿನದು ಬೆಳ್ಳಿಯ ಮಿಶ್ರಲೋಹ. ಮೇಲೆ ಕಪ್ಪು ಕಟ್ಟುವುದು ಸಹಜ. ಅರ ಅಥವಾ ಸ್ಯಾಂಡ್ ಪೇಪರ್ ಹಾಕಿದರೆ ಬೆಳ್ಳಿಯ ಪದರವೇ ಹೋಗಿ, ಸ್ವಲ್ಪ ದಿನದಲ್ಲಿ ಪಾಯಿಂಟ್‌ಗಳು ಬೆಸೆದುಕೊಂಡು ಪಂಪ್ ನಿಲ್ಲದ ಸ್ಥಿತಿ ಬರುತ್ತದೆ. ಗುಳಿ ಬಿದ್ದಿದ್ದರೆ, ಬೆಳ್ಳಿ ಸವೆದು ತಾಮ್ರ ಕಾಣುತ್ತಿದ್ದರೆ ಕಾಂಟ್ಯಾಕ್ಟರ್ ಬದಲಿಸಿ.

ಗುಂಯ್‌ಗುಡುವುದಕ್ಕೆ ಕಾರಣ ಹೆಚ್ಚಾಗಿ ಅಯಸ್ಕಾಂತದ ಎರಡು ಮುಖ ಸರಿಯಾಗಿ ಕೂಡದಿರುವುದು. ನಡುವೆ ಧೂಳು, ತುಕ್ಕು, ಸತ್ತ ಇರುವೆ ಸಿಕ್ಕಿರುತ್ತವೆ. ಒಣ ಬಟ್ಟೆಯಿಂದ ಒರೆಸಿ, ಎಣ್ಣೆ ಹಚ್ಚಬೇಡಿ. ಆ ಮುಖದಲ್ಲಿ ಸಣ್ಣ ತಾಮ್ರದ ಬಳೆ ಕೂರಿಸಿರುತ್ತಾರೆ. ಅದು ಬಿರುಕು ಬಿಟ್ಟಿದ್ದರೆ ಎಷ್ಟು ಒರೆಸಿದರೂ ಸದ್ದು ನಿಲ್ಲದು.

ಬಡಿದುಕೊಳ್ಳುವುದು ವೋಲ್ಟೇಜಿನ ಲಕ್ಷಣ. ಪಂಪ್ ಶುರುವಾಗುವ ಕ್ಷಣದಲ್ಲಿ ಕಾಂಟ್ಯಾಕ್ಟರ್ ಕಾಯಿಲ್‌ನ ಎ1, ಎ2 ಟರ್ಮಿನಲ್‌ಗಳ ನಡುವೆ ಅಳೆಯಿರಿ. 230 ವೋಲ್ಟ್ ಕಾಯಿಲ್‌ಗೆ ಕನಿಷ್ಠ 195 ವೋಲ್ಟ್ ಬೇಕು. ಅದಕ್ಕಿಂತ ಕೆಳಗೆ ಕುಸಿದರೆ ಸಡಿಲ ಸ್ಕ್ರೂ, ಸಣ್ಣ ವೈರು, ಸವೆದ ಟೈಮರ್ ಪಾಯಿಂಟ್ ಇವುಗಳಲ್ಲಿ ಒಂದನ್ನು ಹುಡುಕಿ.

ಹೊಸದು ಕೊಳ್ಳುವಾಗ ಲೇಬಲ್‌ನಲ್ಲಿ ಎಸಿ-3 ಎಂಬ ಸಾಲನ್ನೇ ಓದಿ. ಒಂದೇ ಕಾಂಟ್ಯಾಕ್ಟರ್ ಮೇಲೆ ಎಸಿ-1ಕ್ಕೆ 25 ಆಂಪ್, ಎಸಿ-3ಕ್ಕೆ 9 ಆಂಪ್ ಎಂದು ಬರೆದಿರುತ್ತದೆ. ದೊಡ್ಡ ಅಂಕಿ ಹೀಟರ್‌ನಂಥ ಲೋಡಿಗೆ, ಮೋಟಾರಿಗೆ ಲೆಕ್ಕ ಚಿಕ್ಕದ್ದು.

ಪ್ರಶ್ನೆ: ಹೊಸ ಓವರ್‌ಲೋಡ್ ರಿಲೇ (ಮೋಟಾರ್ ಹೆಚ್ಚು ಕರೆಂಟ್ ಎಳೆದರೆ ನಿಲ್ಲಿಸುವ ಸಾಧನ) ಹಾಕಿಸಿದ ಮೇಲೆ ಪಂಪ್ ಕೆಲವು ನಿಮಿಷ ಓಡಿ ನಿಲ್ಲುತ್ತದೆ. ಫಿಲ್ಟರ್ ಕಟ್ಟಿಕೊಂಡಿರಬಹುದೇ?

ಉತ್ತರ: ಫಿಲ್ಟರನ್ನು ದೂರಬೇಡಿ. ಈಜುಕೊಳದ ಪಂಪ್ ಸೆಂಟ್ರಿಫ್ಯೂಗಲ್ ಜಾತಿಯದು. ನೀರಿನ ಹರಿವು ಕಟ್ಟಿದಷ್ಟೂ ಅದು ಎಳೆಯುವ ಕರೆಂಟ್ ಇಳಿಯುತ್ತದೆ, ಏರುವುದಿಲ್ಲ.

ಕ್ಲ್ಯಾಂಪ್ ಮೀಟರ್ ಹಾಕಿ ನೋಡಿ. ಮೋಟಾರಿನ ನೇಮ್‌ಪ್ಲೇಟ್‌ನಲ್ಲಿರುವುದಕ್ಕಿಂತ ಹೆಚ್ಚು ಕರೆಂಟ್ ಇದ್ದರೆ ಕಡಿಮೆ ವೋಲ್ಟೇಜ್, ಬಿಗಿದ ಬೇರಿಂಗ್, ಇಂಪೆಲ್ಲರ್‌ಗೆ ಸಿಕ್ಕ ಕಲ್ಲು, ಸೋತ ಕೆಪಾಸಿಟರ್ ಇವು ಕಾರಣ. ಕೆಪಾಸಿಟರ್ ಮುಟ್ಟುವ ಮುನ್ನ ರೆಸಿಸ್ಟರ್ ಮೂಲಕ ಡಿಸ್‌ಚಾರ್ಜ್ ಮಾಡಿ. ಅಳತೆ ಲೇಬಲ್‌ಗಿಂತ ನೂರಕ್ಕೆ 10ರಷ್ಟು ಕೆಳಗಿದ್ದರೆ ಅದೇ ಮೈಕ್ರೋಫ್ಯಾರಡ್, ಅದೇ ಅಥವಾ ಹೆಚ್ಚಿನ ವೋಲ್ಟೇಜಿನದ್ದು ಹಾಕಿ.

ಕರೆಂಟ್ ಸರಿಯಿದ್ದೂ ರಿಲೇ ಬೀಳುತ್ತಿದ್ದರೆ, ನಿಮ್ಮದು ಹೊಸ ರಿಲೇ ಆದ್ದರಿಂದ ನನ್ನ ಅನುಮಾನ ವೈರಿಂಗ್ ಮೇಲೆ. ಈ ರಿಲೇಗಳಿಗೆ ಮೂರು ಪೋಲ್, ಅಂದರೆ ಕರೆಂಟ್ ಹಾಯುವ ಮೂರು ದಾರಿ. ಒಂದು ಫೇಸ್ ಕೈಕೊಟ್ಟರೆ ಬೇಗ ಬೀಳಲಿ ಎಂದೇ ಅವನ್ನು ಮಾಡಿರುತ್ತಾರೆ. ಸಿಂಗಲ್ ಫೇಸ್ ಮೋಟಾರನ್ನು ಒಂದೇ ಪೋಲ್‌ನಲ್ಲಿ ಹಾಯಿಸಿದರೆ ಉಳಿದೆರಡು ಫೇಸ್ ಇಲ್ಲವೆಂದು ರಿಲೇ ತಿಳಿಯುತ್ತದೆ. ಮೂರೂ ಪೋಲ್‌ಗಳಲ್ಲಿ ಒಂದೇ ಕರೆಂಟ್ ಹಾಯಬೇಕು. ರಿಲೇ ಕಾಂಟ್ಯಾಕ್ಟರ್‌ನ ಕೆಳಗೆ ಕೂತಿದ್ದರೆ ರಿಲೇಯ 2ನೇ ಟರ್ಮಿನಲ್‌ನಿಂದ ಕಾಂಟ್ಯಾಕ್ಟರ್‌ನ 3ನೇ ಟರ್ಮಿನಲ್‌ಗೆ, ರಿಲೇಯ 4ರಿಂದ ಕಾಂಟ್ಯಾಕ್ಟರ್‌ನ 5ಕ್ಕೆ ತುಂಡು ವೈರು ಕೊಟ್ಟು, ರಿಲೇಯ 6ರಿಂದ ಮೋಟಾರಿಗೆ ಫೇಸ್ ಒಯ್ಯಿರಿ. ಡಯಲನ್ನು ನೇಮ್‌ಪ್ಲೇಟ್ ಆಂಪಿಯರ್‌ಗೆ ನಿಲ್ಲಿಸಿ. ಬೀಳುತ್ತದೆಂದು ಮೇಲಕ್ಕೆ ತಿರುಗಿಸುವುದು ವೈಂಡಿಂಗ್ ಸುಡಲು ಅನುಮತಿ ಕೊಟ್ಟಂತೆ.

ಪ್ರಶ್ನೆ: ಸ್ಟೀಲ್ ಏಣಿ ಹಿಡಿದು ನೀರಿಗಿಳಿಯುವಾಗ ಕೈ ಜುಮ್ ಎನ್ನುತ್ತದೆ. ಪ್ಯಾನೆಲ್ ಏನೂ ಟ್ರಿಪ್ ಆಗಿಲ್ಲ.

ಉತ್ತರ: ಇಂದೇ ಕೊಳ ಮುಚ್ಚಿ. ಯಾರೂ ಇಳಿಯಬಾರದು, ಏಣಿ ಮುಟ್ಟಬಾರದು. ನೀರಿನಲ್ಲಿ ಯಾರಾದರೂ ಇರುವಾಗ ಹೀಗಾದರೆ ಮೊದಲು ಮೇನ್ ಆಫ್ ಮಾಡಿ. ಅವರು ಲೋಹ ಮುಟ್ಟದೆ ಹೊರಬರಲಿ, ಕಾಪಾಡಲೆಂದು ನೀವು ನೀರಿಗೆ ಹಾರಬೇಡಿ.

ಎಲೆಕ್ಟ್ರಿಷಿಯನ್ ಮೊದಲು ಕೊಳದ ಸರಬರಾಜನ್ನು ಪೂರ್ತಿ ಆಫ್ ಮಾಡಿ ಏಣಿ ಮತ್ತು ಪಕ್ಕದ ನೆಲದ ನಡುವೆ ವೋಲ್ಟೇಜ್ ಅಳೆಯಬೇಕು. ಆಗಲೂ ವೋಲ್ಟೇಜ್ ಉಳಿದರೆ ಅದು ಪ್ಯಾನೆಲ್‌ನದ್ದಲ್ಲ. ಮನೆಯ ನ್ಯೂಟ್ರಲ್ ಅಥವಾ ಅರ್ತ್ ಮೂಲಕ ಹೊರಗಿನಿಂದ ಬರುತ್ತಿದೆ. ಎರಡೂ ಸಂದರ್ಭದಲ್ಲಿ ಈಕ್ವಿಪೊಟೆನ್ಷಿಯಲ್ ಬಾಂಡಿಂಗ್ ಪರೀಕ್ಷಿಸಬೇಕು: ಏಣಿ, ಕೈ ಹಿಡಿಯುವ ಕಂಬಿ, ಕಾಂಕ್ರೀಟಿನ ಕಂಬಿ, ಪಂಪಿನ ಮೈ, ಲೋಹದ ಪೈಪು ಎಲ್ಲವೂ ತಾಮ್ರದ ವೈರಿನಿಂದ ಒಂದಕ್ಕೊಂದು ಸೇರಿರಬೇಕು. ಅರ್ತಿಂಗ್ ಇದೆ ಎಂದ ಮಾತ್ರಕ್ಕೆ ಬಾಂಡಿಂಗ್ ಇದೆ ಎಂದಲ್ಲ. ಅರ್ತಿಂಗ್ ದೋಷದ ಕರೆಂಟಿಗೆ ದಾರಿ ಕೊಡುತ್ತದೆ. ಕೈ ಮುಟ್ಟುವ ಎರಡು ವಸ್ತುಗಳ ನಡುವೆ ವೋಲ್ಟೇಜ್ ಏಳದಂತೆ ನೋಡುವುದು ಬಾಂಡಿಂಗ್.

ಪ್ರಶ್ನೆ: ನೀರೊಳಗಿನ 12 ವೋಲ್ಟಿನ ದೀಪ ಮಂಕಾಗಿ ಉರಿಯುತ್ತದೆ. ಟ್ರಾನ್ಸ್‌ಫಾರ್ಮರ್ ಬದಲಿಸಬೇಕೇ?

ಉತ್ತರ: ಬಹುಶಃ ತಪ್ಪು ಕೇಬಲ್‌ನದು. 300 ವಾಟ್ ದೀಪ 12 ವೋಲ್ಟಿನಲ್ಲಿ 25 ಆಂಪ್ ಎಳೆಯುತ್ತದೆ. 6 ಚದರ ಮಿ.ಮೀ. ತಾಮ್ರದ ಕೇಬಲ್ 20 ಮೀಟರ್ ದೂರ ಹೋದರೆ ದೀಪಕ್ಕೆ ತಲುಪುವುದು ಸುಮಾರು 9.5 ವೋಲ್ಟ್, ಬೆಳಕು ಅರ್ಧಕ್ಕಿಳಿಯುತ್ತದೆ. 35 ವಾಟ್ ಎಲ್‌ಇಡಿ ಹಾಕಿದರೆ ಅದೇ ಕೇಬಲ್‌ನಲ್ಲಿ ಅರ್ಧ ವೋಲ್ಟೂ ಕಳೆಯುವುದಿಲ್ಲ. ಆದರೆ ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಂದೆ 13 ಅಥವಾ 14 ವೋಲ್ಟ್ ಟ್ಯಾಪ್ ಬಳಸಿದ್ದರೆ 12ಕ್ಕೆ ತರುವುದನ್ನು ಮರೆಯಬೇಡಿ. ಹಳೆಯದು ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಇಷ್ಟು ಸಣ್ಣ ಲೋಡಿಗೆ ಮಿನುಗುತ್ತದೆ; ತಂತಿ ಸುತ್ತಿದ ಸೇಫ್ಟಿ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್ ಒಳ್ಳೆಯದು. ಇನ್ನೊಂದು ಮಾತು: 12 ವೋಲ್ಟ್ ಕಡೆಯ ಸೋರಿಕೆ ಆರ್‌ಸಿಸಿಬಿಗೆ ಕಾಣುವುದೇ ಇಲ್ಲ. ದೀಪದ ಗಾಜಿನೊಳಗೆ ನೀರು ಕಂಡರೆ ಟ್ರಿಪ್ ಆಗಲೆಂದು ಕಾಯದೆ ಗ್ಯಾಸ್ಕೆಟ್ ನೋಡಿ.

ಪ್ರಶ್ನೆ: ಪಂಪ್, ನೀರು ಬಿಸಿಮಾಡುವ ಹೀಟ್ ಪಂಪ್, ಉಪ್ಪಿನ ಕ್ಲೋರಿನೇಟರ್, ಆಸಿಡ್ ಡೋಸಿಂಗ್ ಪಂಪ್, ದೀಪ ಇಷ್ಟಕ್ಕೆ ಹೊಸ ಪ್ಯಾನೆಲ್ ಬೇಕು. ಮೊಬೈಲ್‌ನಿಂದ ನಡೆಸುವ ಪ್ಯಾನೆಲ್ ಒಳ್ಳೆಯದೋ, ಟೈಮರ್ ಇರುವ ಸಾದಾ ಪ್ಯಾನೆಲ್ಲೋ?

ಉತ್ತರ: ಮೊಬೈಲ್ ಇದೆಯೋ ಇಲ್ಲವೋ ಎಂಬುದಕ್ಕಿಂತ ಇಂಟರ್‌ಲಾಕ್ (ಪಂಪ್ ಓಡುವಾಗ ಮಾತ್ರ ಉಳಿದವು ಓಡುವಂತೆ ಮಾಡುವ ಜೋಡಣೆ) ಸರಿಯಿದೆಯೇ ಎಂಬುದೇ ಮುಖ್ಯ. ಪಂಪ್ ನಿಂತಾಗ ಕ್ಲೋರಿನೇಟರ್ ಓಡಿದರೆ ಸೆಲ್‌ನಲ್ಲಿ ಹೈಡ್ರೋಜನ್ ತುಂಬುತ್ತದೆ. ನೀರು ಹರಿಯದಿರುವಾಗ ಡೋಸಿಂಗ್ ಪಂಪ್ ಆಸಿಡ್ ಸುರಿದರೆ ಪೈಪಿನೊಳಗೆ ಅದು ಕ್ಲೋರಿನ್ ಇರುವ ನೀರಿನೊಂದಿಗೆ ಬೆರೆತು ವಿಷಾನಿಲವಾಗುತ್ತದೆ. ಪಂಪ್ ಮತ್ತೆ ಶುರುವಾದಾಗ ಅದೆಲ್ಲ ಈಜುವವರ ಮುಖಕ್ಕೇ ಬರುತ್ತದೆ. ಆದ್ದರಿಂದ ಇವೆರಡರ ಸರಬರಾಜು ಪಂಪಿನ ಕಾಂಟ್ಯಾಕ್ಟರ್‌ನ 13–14 ಸಹಾಯಕ ಪಾಯಿಂಟ್ ಮೂಲಕ ಹಾಯಬೇಕು, ಜೊತೆಗೆ ಪೈಪಿನಲ್ಲಿ ಫ್ಲೋ ಸ್ವಿಚ್ ಇರಬೇಕು. ಕಾಂಟ್ಯಾಕ್ಟರ್ ಕೂತಿದೆ ಎಂದರೆ ಮೋಟಾರಿಗೆ ಕರೆಂಟ್ ಹೋಗಿದೆ ಎಂದಷ್ಟೇ; ನೀರು ಹರಿಯುತ್ತಿದೆ ಎಂಬುದಕ್ಕೆ ಫ್ಲೋ ಸ್ವಿಚ್ಚೇ ಸಾಕ್ಷಿ. ಪ್ಯಾನೆಲ್ ಮಾರುವವರನ್ನು ಮೊದಲು ಇದನ್ನೇ ಕೇಳಿ, ನಕ್ಷೆಯಲ್ಲಿ ತೋರಿಸಲು ಹೇಳಿ.

ಹೀಟ್ ಪಂಪಿಗೆ ಪ್ರತ್ಯೇಕ ಎಂಸಿಬಿ, ಪ್ರತ್ಯೇಕ ಆರ್‌ಸಿಸಿಬಿ ಇರಲಿ. ಟೈಮರ್‌ನಿಂದ ಅದರ ಸರಬರಾಜು ಕಡಿಯಬೇಡಿ, ಕಂಪ್ರೆಸರ್‌ಗೆ ಒಳ್ಳೆಯದಲ್ಲ. ಅದರಲ್ಲಿರುವ ರಿಮೋಟ್ ಕಾಂಟ್ಯಾಕ್ಟ್ (ಹೊರಗಿನಿಂದ ಹಾಕಿ ತೆಗೆಯಲು ಕೊಟ್ಟ ಟರ್ಮಿನಲ್) ಬಳಸಿ. ಪಂಪ್ ವೇಗ ಬದಲಿಸುವ ಇನ್ವರ್ಟರ್ ಮಾದರಿಯಾದರೆ ಅದಕ್ಕೂ ನಿರಂತರ ಸರಬರಾಜು ಕೊಟ್ಟು, ಸಿಗ್ನಲ್ ಮೂಲಕ ನಡೆಸಬೇಕು. ದಿನವೂ ಕಾಂಟ್ಯಾಕ್ಟರ್‌ನಿಂದ ಹಾಕಿ ತೆಗೆದರೆ ಒಳಗಿನ ಕೆಪಾಸಿಟರ್‌ಗಳು ಬೇಗ ಸೋಲುತ್ತವೆ. ಆಗ ಕ್ಲೋರಿನೇಟರ್, ಡೋಸಿಂಗ್‌ಗಳ ಇಂಟರ್‌ಲಾಕನ್ನು ಪಂಪಿನದೇ ರನ್ ರಿಲೇ ಮತ್ತು ಫ್ಲೋ ಸ್ವಿಚ್‌ನಿಂದ ಪಡೆಯಬೇಕು. ಇನ್ವರ್ಟರ್ ಇರುವಲ್ಲಿ ಟೈಪ್ ಎಸಿ ಆರ್‌ಸಿಸಿಬಿ ಹಾಕಬೇಡಿ. ಡಿಸಿ ಸೋರಿಕೆ ಅದನ್ನು ಕುರುಡಾಗಿಸುತ್ತದೆ. ಟೈಪ್ ಎ, ಎಫ್ ಅಥವಾ ಬಿ, ಪಂಪಿನ ಕೈಪಿಡಿ ಯಾವುದನ್ನು ಹೇಳುತ್ತದೋ ಅದು.

ಮೊಬೈಲ್ ಪ್ಯಾನೆಲ್ ಕೊಳ್ಳುವುದಾದರೆ ಪ್ರತಿ ಉಪಕರಣಕ್ಕೂ ಆಟೋ–ಆಫ್–ಮ್ಯಾನ್ಯುಯಲ್ ಸ್ವಿಚ್ ಇರಲಿ. ಬೋರ್ಡ್ ಕೆಟ್ಟ ದಿನವೂ ಫಿಲ್ಟರ್ ಓಡಬೇಕು, ಮ್ಯಾನ್ಯುಯಲ್‌ನಲ್ಲೂ ಇಂಟರ್‌ಲಾಕ್ ಕೆಲಸ ಮಾಡಬೇಕು. ಎಲ್ಲ ರಿಲೇಗಳನ್ನೂ ಒಂದೇ ಬೋರ್ಡ್‌ಗೆ ಬೆಸುಗೆ ಹಾಕಿದ ಪ್ಯಾನೆಲ್‌ಗಿಂತ, ರೈಲ್ ಮೇಲೆ ಬಿಡಿಬಿಡಿಯಾಗಿ ಕೂರಿಸಿದ ಕಾಂಟ್ಯಾಕ್ಟರ್, ಎಂಸಿಬಿಗಳ ಪ್ಯಾನೆಲ್ಲೇ ನನ್ನ ಆಯ್ಕೆ. ಅದರಲ್ಲಿ ಕೆಟ್ಟ ಭಾಗವೊಂದನ್ನೇ ಬದಲಿಸಬಹುದು. ರೈಲ್‌ನಲ್ಲಿ ಕಾಲು ಭಾಗ ಖಾಲಿ ಜಾಗ ಬಿಡಿಸಿ.

ಪ್ರಶ್ನೆ: ಪ್ಯಾನೆಲ್ ಎಲ್ಲಿ ಕೂರಿಸಬೇಕು?

ಉತ್ತರ: ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಐಇಸಿ 60364-7-702ರ ಪ್ರಕಾರ ಕೊಳದ ಅಂಚಿನಿಂದ 2 ಮೀಟರ್‌ವರೆಗೆ ವಲಯ 1, ಅಲ್ಲಿಂದ ಇನ್ನೂ 1.5 ಮೀಟರ್ ವಲಯ 2. ಎರಡನ್ನೂ ದಾಟಿ, ಅಂದರೆ 3.5 ಮೀಟರ್ ಆಚೆ ಕೂರಿಸಿ. ನಿಮ್ಮಲ್ಲಿನ ನಿಯಮ ಇನ್ನೂ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ. ಹೊರಾಂಗಣಕ್ಕೆ ಧೂಳು, ನೀರು ತಡೆಯುವ ಐಪಿ65 ಪೆಟ್ಟಿಗೆ, ಕೇಬಲ್‌ಗಳು ತಳದಿಂದ, ಅಳತೆಗೆ ಸರಿಯಾದ ಗ್ಲ್ಯಾಂಡ್ ಮೂಲಕ ಬರಲಿ. ಬಳಸದ ತೂತು ಮುಚ್ಚಿರಲಿ. ಕ್ಲೋರಿನ್, ಆಸಿಡ್ ಡಬ್ಬಿಗಳಿರುವ ಕೋಣೆಯಲ್ಲಿ ಮಾತ್ರ ಬೇಡವೇ ಬೇಡ. ಆ ಆವಿ ತಾಮ್ರವನ್ನು ಹಸಿರಾಗಿಸಿ, ಟರ್ಮಿನಲ್ ಬಿಸಿಯೇರಿಸಿ, ಆರ್‌ಸಿಸಿಬಿಯ ಒಳಗಿನ ಯಂತ್ರವನ್ನೇ ಜಾಮ್ ಮಾಡಬಲ್ಲದು. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಬೀಳದಿದ್ದರೆ ಹೊಸದು ಬರುವವರೆಗೆ ಯಾರನ್ನೂ ನೀರಿಗಿಳಿಸಬೇಡಿ.